ನೂರಡಿ ರಸ್ತೆಯ ನ್ಯಾಯಪೀಠ

ಮಂಡ್ಯದ ನೂರಡಿ ರಸ್ತೆಯ ಟೀ ಅಂಗಡಿಯೊಂದರ ಮುಂದೆ ಪ್ರತಿ ಭಾನುವಾರ ಬೆಳಿಗ್ಗೆ ಏಳೂವರೆಗೆ ಒಂದು ನ್ಯಾಯಪೀಠ ಸೇರುತ್ತದೆ. ಸಂವಿಧಾನದಲ್ಲಿ ಇದಕ್ಕೆ ಯಾವ ಆಧಾರವೂ ಇಲ್ಲ. ಎರಡು ಕಲ್ಲುಬೆಂಚು ಮತ್ತು ಕಾಲು ಮುರಿದ ಒಂದು ಪ್ಲಾಸ್ಟಿಕ್ ಕುರ್ಚಿಯ ಆಧಾರವಷ್ಟೇ ಇದೆ. ಆದರೆ ಪೀಠದ ಅಧಿಕಾರವ್ಯಾಪ್ತಿ ಬಹಳ ವಿಶಾಲವಾದುದು. ಇಂಗ್ಲೆಂಡ್, ಸ್ಪೇನ್, ಇಟಲಿಗಳ ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಆಟಗಾರರನ್ನು ಕೊಳ್ಳುವುದಕ್ಕೂ ಮಾರುವುದಕ್ಕೂ ನೇಮಕಗೊಂಡಿರುವ ನಿರ್ದೇಶಕರು ತಮ್ಮ ಕುರ್ಚಿಯಲ್ಲಿ ಮುಂದುವರಿಯಬೇಕೋ ಬೇಡವೋ ಎಂಬುದು ಇಲ್ಲಿ ಅಂತಿಮವಾಗಿ ತೀರ್ಮಾನವಾಗುತ್ತದೆ. ಮೇಲ್ಮನವಿಗೆ ಅವಕಾಶವಿಲ್ಲ, ಆರೋಪಿಗೆ ನೋಟಿಸು ಹೋಗುವುದಿಲ್ಲ.

ಪೀಠದ ಅಧ್ಯಕ್ಷರು ಸಹಕಾರಿ ಬ್ಯಾಂಕೊಂದರ ನಿವೃತ್ತ ಮ್ಯಾನೇಜರು ಮತ್ತು ಲಿವರ್‌ಪೂಲ್ ಭಕ್ತರು. ಗೊಬ್ಬರದ ಅಂಗಡಿಯ ಯಜಮಾನರು ಚೆಲ್ಸಿ ಪಕ್ಷದವರು. ಎಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬ ಬಾರ್ಸಿಲೋನಾ ಪರವಾಗಿ ಹಾಜರಾಗುತ್ತಾನೆ. ನಾನು ಕಲಾಪವನ್ನು ಬರೆದುಕೊಳ್ಳುವ ಗುಮಾಸ್ತ. ನನ್ನ ಸಂಬಳ ಒಂದು ಟೀ. ಸಾಕ್ಷ್ಯವೆಂದರೆ ಹಿಂದಿನ ರಾತ್ರಿಯ ಪಂದ್ಯದ ಫಲಿತಾಂಶ. ತಂಡ ಗೆದ್ದಿದ್ದರೆ ನಿರ್ದೇಶಕನಿಗೆ ದೂರದೃಷ್ಟಿ ಇತ್ತೆಂದೂ ಸೋತಿದ್ದರೆ ಅವನಿಗೆ ಕಮಿಷನ್ ಇತ್ತೆಂದೂ ಸಾಬೀತಾಗುತ್ತದೆ. ಪಂದ್ಯ ಡ್ರಾ ಆದ ವಾರ ಮಾತ್ರ ಪೀಠ ಸ್ವಲ್ಪ ಮಂಕಾಗಿ ಕುಳಿತಿರುತ್ತದೆ.

ವಿಚಾರಣೆಯ ಮುಖ್ಯ ಅಸ್ತ್ರದ ಹೆಸರು ‘ನೆಟ್ ಸ್ಪೆಂಡ್’. ಕೊಂಡದ್ದರಲ್ಲಿ ಮಾರಿದ್ದನ್ನು ಕಳೆದರೆ ಉಳಿಯುವುದೇ ನಿರ್ದೇಶಕನ ಯೋಗ್ಯತೆ. ಈ ಲೆಕ್ಕ ನಮ್ಮ ಜಿಲ್ಲೆಗೆ ಹೊಸದಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಗೆ ಜಮೀನು ಹೋದಾಗ ಪರಿಹಾರ ಪಡೆದವರಲ್ಲಿ ಇದನ್ನು ಬಾಯಲ್ಲೇ ಹಾಕಬಲ್ಲವರಿದ್ದರು: ಗದ್ದೆಯಿಂದ ಬಂದದ್ದು ಇಷ್ಟು, ಕಾರಿಗೂ ಬುಲೆಟ್ಟಿಗೂ ಹೋದದ್ದು ಇಷ್ಟು, ಉಳಿದದ್ದು ಇಷ್ಟು. ಹಾಗಾದರೆ ಗದ್ದೆ ಎಲ್ಲಿ ಎಂದು ಯಾರಾದರೂ ಕೇಳಿದರೆ ಅದು ಲೆಕ್ಕದ ಆಚೆಗಿನ ಪ್ರಶ್ನೆ. ಬಾರ್ಸಿಲೋನಾ ಕೂಡ 2017ರಲ್ಲಿ ಹೆದ್ದಾರಿಗೆ ಗದ್ದೆ ಬಿಟ್ಟುಕೊಟ್ಟವರಂತೆಯೇ ಆಗಿತ್ತು. ಅದರ ಆಟಗಾರ ನೇಮಾರ್‌ಗಾಗಿ ಪ್ಯಾರಿಸ್‌ನ ಕ್ಲಬ್ಬಿನವರು 22.2 ಕೋಟಿ ಯೂರೊ ತೆತ್ತರು. ಆ ಹಣದಲ್ಲಿ ಅದೇ ಆಗಸ್ಟಿನಲ್ಲಿ 10.5 ಕೋಟಿ ಕೊಟ್ಟು ಡೆಂಬೆಲೆಯನ್ನೂ, ಮುಂದಿನ ಜನವರಿಯಲ್ಲಿ ಅದಕ್ಕಿಂತಲೂ ಹೆಚ್ಚು ಕೊಟ್ಟು ಕುಟಿನ್ಯೊನನ್ನೂ ತಂದು ಕಟ್ಟಿದ್ದಾಯಿತು. ಜಮಾಖರ್ಚು ಹೆಚ್ಚುಕಡಿಮೆ ಸರಿಹೋಯಿತು. 2020ರ ಆಗಸ್ಟ್ 14ರಂದು ಬಾಯರ್ನ್ ಮ್ಯೂನಿಕ್ ತಂಡ ಬಾರ್ಸಿಲೋನಾವನ್ನು 8–2ರಿಂದ ಸೋಲಿಸಿದಾಗ ಕೊನೆಯ ಎರಡು ಗೋಲು ಹೊಡೆದವನು, ಬಾರ್ಸಿಲೋನಾದವರೇ ಎರವಲು ಕೊಟ್ಟಿದ್ದ ಇದೇ ಕುಟಿನ್ಯೊ. ಎರವಲು ಕೊಟ್ಟ ಎತ್ತು ತಿರುಗಿ ಬಂದು ಧಣಿಯ ಹೊಲವನ್ನೇ ಮೇಯ್ದ ಈ ಪ್ರಸಂಗವನ್ನು ನೆಟ್ ಸ್ಪೆಂಡ್‌ನ ಯಾವ ಕಲಮಿಗೆ ಹಾಕಬೇಕೆಂದು ಹುಡುಗ ಇನ್ನೂ ಹೇಳಿಲ್ಲ. ಡೆಂಬೆಲೆಯ ವಿಷಯದಲ್ಲಿ ಮಾತ್ರ ಅವನ ವಾದ ಗಟ್ಟಿಯಾಗಿದೆ. ಆರು ವರ್ಷ ಗಾಯಗಳ ನಡುವೆ ಕುಂಟಿ 2023ರಲ್ಲಿ ಪ್ಯಾರಿಸ್‌ಗೆ ಹೋದವನು 2025ರಲ್ಲಿ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ ಓರ್ ಗೆದ್ದನಲ್ಲ. ಆದ್ದರಿಂದ 2017ರ ನಿರ್ದೇಶಕರು ಆಟಗಾರನನ್ನು ಸರಿಯಾಗಿಯೇ ಗುರುತಿಸಿದ್ದರು, ತಪ್ಪಿದ್ದು ವಿಳಾಸ ಮಾತ್ರ.

ಪೀಠ ಅತಿ ಹೆಚ್ಚು ದಿನ ವಿಚಾರಣೆ ನಡೆಸಿರುವುದು ಡೇಮಿಯನ್ ಕೊಮೊಲಿ ಎಂಬ ಫ್ರೆಂಚ್ ಮಹಾಶಯನ ಮೊಕದ್ದಮೆಯನ್ನು. 2011ರ ಜನವರಿ 31, ಆಟಗಾರರ ವ್ಯಾಪಾರಕ್ಕೆ ಗೊತ್ತುಮಾಡಿದ ಅವಧಿಯ ಕಿಟಕಿ ಮುಚ್ಚುವ ದಿನ. ಲಿವರ್‌ಪೂಲ್ ಕ್ಲಬ್ಬು ಟೊರೆಸ್‌ನನ್ನು ಚೆಲ್ಸಿಗೆ 5 ಕೋಟಿ ಪೌಂಡಿಗೆ ಮಾರಿ, ಅದೇ ದಿನ ಆಂಡಿ ಕ್ಯಾರಲ್‌ಗೆ 3.5 ಕೋಟಿ, ಲೂಯಿಸ್ ಸುವಾರೆಜ್‌ಗೆ ಸುಮಾರು 2.28 ಕೋಟಿ ಕೊಟ್ಟಿತು. ಆಗ ಕ್ಲಬ್ಬಿನ ಫುಟ್‌ಬಾಲ್ ವ್ಯವಹಾರದ ಹೊಣೆ ಕೊಮೊಲಿಯದು. ಕ್ಯಾರಲ್ ಲಿವರ್‌ಪೂಲ್ ಅಂಗಿಯಲ್ಲಿ 44 ಲೀಗ್ ಪಂದ್ಯ ಆಡಿ 6 ಗೋಲು ಹೊಡೆದ. ಬೇಸಿಗೆಯಲ್ಲಿ ಸಂಡರ್‌ಲ್ಯಾಂಡ್‌ನಿಂದ ಬಂದ ಜೋರ್ಡನ್ ಹೆಂಡರ್ಸನ್ ಎಂಬ ತರುಣನ ಬೆಲೆ ನೋಡಿ ಜನ ಹಣೆ ಚಚ್ಚಿಕೊಂಡರು. 2012ರ ಏಪ್ರಿಲ್‌ನಲ್ಲಿ ಕೊಮೊಲಿಯನ್ನು ಮನೆಗೆ ಕಳುಹಿಸಲಾಯಿತು, ನಮ್ಮ ಅಧ್ಯಕ್ಷರು ಆ ದಿನ ಎಲ್ಲರಿಗೂ ಮದ್ದೂರು ವಡೆ ಕೊಡಿಸಿದರು. ತೀರ್ಪು: ಅಸಮರ್ಥ.

ಎರಡು ವರ್ಷ ಕಳೆಯಿತು. ಸುವಾರೆಜ್ 2013–14ರ ಒಂದೇ ಲೀಗ್ ಋತುವಿನಲ್ಲಿ 31 ಗೋಲು ಹೊಡೆದು, ಕೊಂಡ ಬೆಲೆಯ ಸುಮಾರು ಮೂರು ಪಟ್ಟಿಗೆ ಬಾರ್ಸಿಲೋನಾಕ್ಕೆ ಹೋದ. ಪೀಠ ಕಡತವನ್ನು ತೆರೆದು ‘ಅಸಮರ್ಥ’ ಎಂಬುದನ್ನು ಹೊಡೆದುಹಾಕಿ ‘ಅರ್ಧ ಸಮರ್ಥ’ ಎಂದು ತಿದ್ದಿತು. 2019ರ ಜೂನ್ 1ರಂದು ಮ್ಯಾಡ್ರಿಡ್‌ನಲ್ಲಿ ಚಾಂಪಿಯನ್ಸ್ ಲೀಗ್ ಕಪ್ಪನ್ನೂ, 2020ರಲ್ಲಿ ಮೂವತ್ತು ವರ್ಷ ಕೈಗೆ ಸಿಗದ ಇಂಗ್ಲಿಷ್ ಲೀಗ್ ಪ್ರಶಸ್ತಿಯನ್ನೂ ಎತ್ತಿ ಹಿಡಿದ ನಾಯಕ ಯಾರೆಂದರೆ ಅದೇ ಹೆಂಡರ್ಸನ್. ಅಷ್ಟರಲ್ಲಿ ಕೊಮೊಲಿ ಕೆಲಸ ಕಳೆದುಕೊಂಡು ಎಂಟು ವರ್ಷವಾಗಿತ್ತು. ಪೀಠ ಅವನಿಗೆ ಮರಣೋತ್ತರ ಗೌರವ ಕೊಡುವ ರೀತಿಯಲ್ಲಿ ‘ಮಹಾ ಮೇಧಾವಿ’ ಎಂದು ಘೋಷಿಸಿತು. ಆಸಾಮಿ ಗಟ್ಟಿಮುಟ್ಟಾಗಿದ್ದು, ತುಲೂಸ್ ಕ್ಲಬ್ಬಿನ ಅಧ್ಯಕ್ಷನಾಗಿ ಸಂಬಳ ಎಣಿಸುತ್ತಿದ್ದನೆಂಬುದು ಬೇರೆ ಮಾತು. ವಡೆಯ ದುಡ್ಡನ್ನು ಯಾರೂ ವಾಪಸು ಕೇಳಲಿಲ್ಲ. “ನಾನ್ ಅವತ್ತೇ ಯೋಳಿರ್ಲಿಲ್ವಾ?” ಎಂದು ಅಧ್ಯಕ್ಷರು ಕೇಳಿದಾಗ, ಅವರು ಅವತ್ತು ಏನು ಹೇಳಿದ್ದರೆಂದು ಬರೆದುಕೊಂಡಿದ್ದ ನಾನು ಪುಸ್ತಕವನ್ನು ಮೆಲ್ಲನೆ ಮಡಿಚಿಟ್ಟೆ. ಸಂಬಳದ ಟೀ ನನಗೆ ಮುಖ್ಯ.

ಕೊಮೊಲಿ ಹೋದ ಮೇಲೆ ಲಿವರ್‌ಪೂಲ್‌ನವರು ಇನ್ನೊಂದು ಸೊಗಸಾದ ಏರ್ಪಾಡು ಮಾಡಿಕೊಂಡರು. ಖರೀದಿಗೆ ಒಬ್ಬನನ್ನು ಹೊಣೆ ಮಾಡುವ ಬದಲು ಒಂದು ಸಮಿತಿಯನ್ನೇ ಇಟ್ಟರು. ಸಮಿತಿಯ ಮಹಿಮೆ ಸರ್ಕಾರಿ ಕಚೇರಿಗೆ ಅಲೆದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇದೇ ಕುಟಿನ್ಯೊನನ್ನು 2013ರಲ್ಲಿ 85 ಲಕ್ಷ ಪೌಂಡಿಗೆ ಕೊಂಡು 2018ರಲ್ಲಿ 14.2 ಕೋಟಿಗೆ ಮಾರಿದ್ದಕ್ಕೆ ಸಮಿತಿಯ ಪ್ರತಿಯೊಬ್ಬ ಸದಸ್ಯನೂ ವಾರಸುದಾರ. 2014ರಲ್ಲಿ 1.6 ಕೋಟಿ ಕೊಟ್ಟು ತಂದ ಬಾಲೊಟೆಲ್ಲಿ ಇಡೀ ಲೀಗಿನಲ್ಲಿ ಒಂದೇ ಒಂದು ಗೋಲು ಹೊಡೆದನಲ್ಲ, ಆ ಕೂಸಿಗೆ ಮಾತ್ರ ತಂದೆಯೇ ಇಲ್ಲ.

ಮೊಂಚಿಯ ಮೊಕದ್ದಮೆ ಇನ್ನೊಂದು ಬಗೆಯದು. ಸೆವಿಯ್ಯಾ ಕ್ಲಬ್ಬಿನ ಗೋಲ್‌ಕೀಪರ್ ಆಗಿದ್ದ ಈತ, 2000ದಲ್ಲಿ ತಂಡ ಕೆಳಗಿನ ದರ್ಜೆಗೆ ಬಿದ್ದಾಗ ಅದರ ನಿರ್ದೇಶಕನಾಗಿ, ಅಗ್ಗಕ್ಕೆ ಕೊಂಡು ದುಬಾರಿಗೆ ಮಾರುತ್ತ, 2006ರಿಂದ 2016ರ ನಡುವೆ ಯುರೋಪಾ ಲೀಗ್ (ಮೊದಲಿನ ಹೆಸರು ಯುಇಎಫ್‌ಎ ಕಪ್) ಕಪ್ಪನ್ನು ಐದು ಸಲ ಊರಿಗೆ ತಂದ. ಅದೇ ತಲೆ, ಅದೇ ಕಣ್ಣು 2017ರಲ್ಲಿ ರೋಮಾಕ್ಕೆ ಹೋಯಿತು; ಎರಡು ವರ್ಷ ತುಂಬುವ ಮೊದಲೇ ಗಂಟುಮೂಟೆ ಕಟ್ಟಬೇಕಾಯಿತು. ಮತ್ತೆ ಸೆವಿಯ್ಯಾಕ್ಕೆ ಬಂದಾಗ 2020ರಲ್ಲಿ, 2023ರಲ್ಲಿ ಮತ್ತೆರಡು ಕಪ್. ಒಂದೇ ಕಬ್ಬಿನ ತಳಿ ನಾಲೆಯ ಬಯಲಿನಲ್ಲಿ ಆಳೆತ್ತರ ಬೆಳೆದು, ನಾಗಮಂಗಲದ ಬೋರೆಯ ಮೇಲೆ ಮೊಣಕಾಲಿಗೇ ನಿಂತರೆ ಯಾವ ರೈತನೂ ತಳಿಯನ್ನು ಮಾತ್ರ ಬೈಯುವುದಿಲ್ಲ, ನೀರನ್ನೂ ಮಣ್ಣನ್ನೂ ಕೇಳುತ್ತಾನೆ. ಪೀಠ ಕೇಳುವುದಿಲ್ಲ. ರೋಮಾ 2017ರ ಜೂನ್‌ನಲ್ಲಿ ಸಲಾನನ್ನು ಲಿವರ್‌ಪೂಲಿಗೆ ಮಾರಿದ್ದು, ಹಣಕಾಸಿನ ನಿಯಮಕ್ಕೆ ಒಳಗಾಗಿ ತಿಂಗಳು ಮುಗಿಯುವುದರೊಳಗೆ ಲೆಕ್ಕ ಸರಿದೂಗಿಸಲೇಬೇಕಾದ ಒತ್ತಡದಲ್ಲಿ. ಆರು ವಾರ ಕಳೆದು ನೇಮಾರ್ ವ್ಯಾಪಾರವಾಗಿ ಸಂತೆಯ ದರವೆಲ್ಲ ಏರಿತು. ಸಲಾ ಮೊದಲ ಲೀಗ್ ಋತುವಿನಲ್ಲೇ 32 ಗೋಲು ಹೊಡೆದ. ಹೀಗಾಗಿ ಒಂದೇ ವ್ಯಾಪಾರಕ್ಕೆ ಕೊಂಡ ಲಿವರ್‌ಪೂಲ್ ನಿರ್ದೇಶಕ ಮೈಕಲ್ ಎಡ್ವರ್ಡ್ಸ್ ಜಾಣನೆಂದೂ ಮಾರಿದ ಮೊಂಚಿ ದಡ್ಡನೆಂದೂ ಎರಡು ತೀರ್ಪು ಹೊರಟಿತು. ಸಾಲದ ಕಂತು ಕಟ್ಟಲು ಸುಗ್ಗಿಯಲ್ಲೇ ಭತ್ತ ಮಾರಿದವನನ್ನು ಆಷಾಢದ ದರ ತೋರಿಸಿ ಹಂಗಿಸುವವರು ನಮ್ಮಲ್ಲಿ ಎಂದಿನಿಂದಲೂ ಇದ್ದಾರೆ.

ಚೆಲ್ಸಿಯ ಲೆಕ್ಕವನ್ನು ಗೊಬ್ಬರದ ಅಂಗಡಿಯವರೇ ಚೆನ್ನಾಗಿ ವಿವರಿಸುತ್ತಾರೆ. ಆಟಗಾರನ ಬೆಲೆಯನ್ನು ಕರಾರಿನ ವರ್ಷಗಳಿಗೆ ಹಂಚಿ ಬರೆಯುವ ಪದ್ಧತಿ ಇರುವುದರಿಂದ, ಎಂಟೆಂಟು ವರ್ಷದ ಕರಾರು ಮಾಡಿಕೊಂಡರೆ ಆ ವರ್ಷದ ಖರ್ಚು ಸಣ್ಣದಾಗಿ ಕಾಣುತ್ತಿತ್ತು. 2023ರಲ್ಲಿ ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ ಬಂದು ಐದು ವರ್ಷಕ್ಕಿಂತ ಹೆಚ್ಚಾಗಿ ಹಂಚುವಂತಿಲ್ಲ ಎಂದಾಗ ಅಂಗಡಿಯವರು ನಿಜವಾಗಿಯೂ ನೊಂದುಕೊಂಡರು. ಅವರ ಉದ್ರಿ ಪುಸ್ತಕದಲ್ಲಿ ಅದಕ್ಕಿಂತ ಹಳೆಯ ಬಾಕಿಗಳಿವೆ.

ಕಳೆದ ತಿಂಗಳು ಕೆ.ಆರ್. ಪೇಟೆ ಕಡೆಯ ಗೌಡರೊಬ್ಬರು ಟೀ ಕುಡಿಯಲು ಬಂದು ಪೀಠದ ಪಕ್ಕದಲ್ಲಿ ಕುಳಿತರು. ಹೇಮಗಿರಿ ಜಾತ್ರೆ, ಚುಂಚನಕಟ್ಟೆ ಜಾತ್ರೆಗಳಲ್ಲಿ ಹಳ್ಳಿಕಾರ್ ಹೋರಿಗಳ ವ್ಯಾಪಾರ ಮಾಡಿ ಕೂದಲು ನರೆತವರು. ಅರ್ಧ ಗಂಟೆ ಕೇಳಿಸಿಕೊಂಡ ಮೇಲೆ ಅವರಿಗೆ ಒಂದು ಅನುಮಾನ ಬಂತು. “ಅಲ್ಲಾ ಮ್ಯಾನೇಜರ್ರೇ, ಹಲ್ ನೋಡಿದವ್ನು ಯಾರು, ಟವಲ್ ಕೆಳಗೆ ಬೆಳ್ಳು ಹಿಡ್ದವ್ನು ಯಾರು, ದುಡ್ ಕೊಟ್ಟವ್ನು ಯಾರು, ಮನೇಲಿ ಹುಲ್ ಹಾಕ್ದವ್ನು ಯಾರು?” ಕಲಾಪ ಅಲ್ಲೇ ನಿಂತಿತು. ಕ್ಲಬ್ಬಿನಲ್ಲಿ ಹಲ್ಲು ನೋಡುವವನು ಸ್ಕೌಟು, ಬೆರಳು ಹಿಡಿಯುವವನು ನಿರ್ದೇಶಕ, ದುಡ್ಡು ಮಾಲೀಕನದು, ಹುಲ್ಲು ಹಾಕಿ ನೊಗಕ್ಕೆ ಹೂಡುವವನು ಕೋಚು ಎಂದು ಹುಡುಗ ತಡವರಿಸುತ್ತ ಬಿಡಿಸಿ ಹೇಳಿದ. ಸಲಾನ ಖರೀದಿಯಲ್ಲೇ ಕೋಚ್ ಕ್ಲಾಪ್‌ಗೆ ಬೇರೊಬ್ಬ ಆಟಗಾರನ ಮೇಲೆ ಕಣ್ಣಿತ್ತೆಂದೂ, ಎಡ್ವರ್ಡ್ಸ್ ತಂಡದವರು ಅಂಕಿಅಂಶ ಹಿಡಿದು ಒಪ್ಪಿಸಿದರೆಂದೂ ಸೇರಿಸಿದ. “ಹಂಗಾರೆ ಬೈಯೋದು ಯಾರ್ನ?” ಎಂದರು ಗೌಡರು. ಅವರನ್ನು ಜ್ಞಾನಿಯೆಂದು ತಿಳಿಯುವ ಅಗತ್ಯವಿಲ್ಲ. ತಾವು ಕೊಂಡ ಎತ್ತು ಕುಂಟಿದಾಗ ದಲ್ಲಾಳಿಯನ್ನೂ, ಗೆದ್ದಾಗ ತಮ್ಮ ಕಣ್ಣನ್ನೂ ನೆನೆಯುವವರೇ ಅವರು. ಅಧ್ಯಕ್ಷರು ಆ ಪ್ರಶ್ನೆಯನ್ನು ಕಡತಕ್ಕೆ ಸೇರಿಸಬಾರದೆಂದು ನನಗೆ ಕಣ್ಸನ್ನೆ ಮಾಡಿದರು.

ಅಷ್ಟರಲ್ಲಿ ಅಂಗಡಿಯ ಹುಡುಗ ಬಂದು, ಎರಡನೆಯ ಸುತ್ತಿನ ಐದು ಟೀ ಹೇಳಿದವರು ಯಾರು, ಲೆಕ್ಕ ಯಾರ ಹೆಸರಿಗೆ ಎಂದು ಕೇಳಿದ. ಮ್ಯಾನೇಜರು ರಸ್ತೆಯ ಕಡೆ ನೋಡಿದರು. ಚೆಲ್ಸಿಯವರು ಎಂಟು ವರ್ಷಕ್ಕೆ ಹಂಚಿ ಬರೆದುಕೋ ಎಂದರು. ಬಾರ್ಸಿಲೋನಾ ಹುಡುಗನ ಫೋನಿಗೆ ಆ ಹೊತ್ತಿಗೇ ಕರೆ ಬಂತು. ಅದು ಸಮಿತಿಯ ತೀರ್ಮಾನವಾಗಿತ್ತೆಂದು ನಾನು ನಡವಳಿಯಲ್ಲಿ ಬರೆದುಕೊಂಡೆ.