ಎರಡನೆಯ ಸರದಿಯನ್ನು ಮಾರಬೇಡಿ, ಟ್ರಾವಿಸ್ ಹಂಟರ್ ಅವರನ್ನು ಕರೆತನ್ನಿ

(2025ರ ಏಪ್ರಿಲ್‌ನಲ್ಲಿ, ಡ್ರಾಫ್ಟ್‌ಗೆ ಮುಂಚೆ ಬರೆದದ್ದು.) ಏಪ್ರಿಲ್ 24, ಗುರುವಾರ ನಮ್ಮ ಕ್ಲೀವ್‌ಲ್ಯಾಂಡ್ ಸಮಯ ರಾತ್ರಿ ಎಂಟು ಗಂಟೆಗೆ ಗ್ರೀನ್ ಬೇ ಊರಿನಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ 2025ರ ಡ್ರಾಫ್ಟ್, ಅಂದರೆ ಹೊಸ ಆಟಗಾರರ ಆಯ್ಕೆ, ಶುರುವಾಗುತ್ತದೆ. ಮೊದಲ ಹೆಸರು ಹೇಳುವುದು ಟೆನ್ನೆಸ್ಸಿ ಟೈಟನ್ಸ್. ಎರಡನೆಯ ಹೆಸರು ಹೇಳುವುದು ನಾವು, ಕ್ಲೀವ್‌ಲ್ಯಾಂಡ್ ಬ್ರೌನ್ಸ್. ಆ ಹೆಸರು ಕೊಲರಾಡೊ ಕಾಲೇಜು ತಂಡದ ಟ್ರಾವಿಸ್ ಹಂಟರ್ ಆಗಿರಲಿ ಎಂಬುದು ನನ್ನ ಆಸೆ. ಹೆಸರು ಹೇಳಲು ಹತ್ತು ನಿಮಿಷ ಸಮಯ ಇರುತ್ತದೆ. ಆ ಹತ್ತು ನಿಮಿಷ ನಮ್ಮ ಜನರಲ್ ಮ್ಯಾನೇಜರ್ ಆಂಡ್ರ್ಯೂ ಬೆರಿ ಅವರಿಗೆ ಬೇರೆ ಯಾವ ತಂಡದಿಂದಲೂ ಫೋನ್ ಬಾರದಿರಲಿ ಎಂದು ನಾನು ಹರಕೆ ಹೊತ್ತಿದ್ದೇನೆ. ಫೋನ್ ಬಂದರೆ ಮಾತು ಬೆಳೆಯುತ್ತದೆ, ಮಾತು ಬೆಳೆದರೆ ವ್ಯಾಪಾರ ಕುದುರುತ್ತದೆ, ವ್ಯಾಪಾರ ಕುದುರಿದಾಗಲೆಲ್ಲ ಈ ಊರು ಅತ್ತಿದೆ.

ಅಮೆರಿಕನ್ ಫುಟ್‌ಬಾಲ್ ನೋಡದ ಗೆಳೆಯರಿಗಾಗಿ ಸ್ವಲ್ಪ ವಿವರಣೆ. ಡ್ರಾಫ್ಟ್ ಎಂದರೆ ಐಪಿಎಲ್ ಹರಾಜಿನಂಥದ್ದಲ್ಲ. ಇಲ್ಲಿ ಸುತ್ತಿಗೆಯೂ ಇಲ್ಲ, ಕೋಟಿಗಳನ್ನು ಏರಿಸುತ್ತಾ ಹೋಗುವ ಮಾಲೀಕರೂ ಇಲ್ಲ. ಕಾಲೇಜು ಫುಟ್‌ಬಾಲ್‌ನಿಂದ ಹೊರಬರುವ ಹುಡುಗರನ್ನು 32 ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಒಟ್ಟು ಏಳು ಸುತ್ತು, ಮೂರು ದಿನ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮೊದಲ ಸರದಿ, ಸೂಪರ್ ಬೌಲ್ ಎಂಬ ಅಂತಿಮ ಪಂದ್ಯ ಗೆದ್ದವರಿಗೆ ಕೊನೆಯದು. 2011ರಿಂದ ಈಚೆಗೆ ಹೊಸಬರ ಸಂಬಳವೂ ಸರದಿಯ ಸಂಖ್ಯೆಗೆ ತಕ್ಕಂತೆ ಹೆಚ್ಚುಕಡಿಮೆ ನಿಗದಿಯಾಗಿರುತ್ತದೆ. ಹಾಗಾಗಿ ಎಷ್ಟೇ ದುಡ್ಡಿರುವ ಮಾಲೀಕನೂ ಮೊದಲ ಹುಡುಗನನ್ನು ಬರೀ ದುಡ್ಡಿನಿಂದ ಕೊಳ್ಳಲಾರ. ಎಲ್ಲದಕ್ಕೂ ಬೆಲೆ ಕಟ್ಟುವ ಈ ದೇಶದಲ್ಲಿ ಸೋತವನಿಗೆ ಮೊದಲ ತುತ್ತು ಬಡಿಸುವ ನಿಯಮವೊಂದು ಉಳಿದುಕೊಂಡಿದೆಯಲ್ಲ, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಪ್ರತಿ ವರ್ಷ ಆ ತುತ್ತಿನ ಹತ್ತಿರದಲ್ಲೇ ಕುಳಿತಿರುವವರು ನಾವು.

ಹುಡುಗನಿಗೆ ಮಾತ್ರ ಊರನ್ನು ಆರಿಸಿಕೊಳ್ಳುವ ಹಕ್ಕಿಲ್ಲ. 1983ರಲ್ಲಿ ಜಾನ್ ಎಲ್ವೇ ಬಾಲ್ಟಿಮೋರ್‌ಗೆ ಹೋಗುವುದಿಲ್ಲ ಎಂದು ಹಟ ಹಿಡಿದರು, 2004ರಲ್ಲಿ ಈಲೈ ಮ್ಯಾನಿಂಗ್ ಸ್ಯಾನ್ ಡಿಯೇಗೊ ಬೇಡವೆಂದರು. ಇಬ್ಬರ ಹಟವೂ ಗೆದ್ದಿತು. ಅಂಥವರು ಕೈಬೆರಳೆಣಿಕೆಯಷ್ಟು ಮಾತ್ರ. ಉಳಿದವರೆಲ್ಲ ಕರೆದ ಊರಿಗೆ ಟೋಪಿ ಹಾಕಿಕೊಂಡು ನಗುನಗುತ್ತಾ ಹೋಗುತ್ತಾರೆ. 1936ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ನಡೆದ ಮೊದಲ ಡ್ರಾಫ್ಟ್‌ನಲ್ಲಿ ಮೊತ್ತಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಎಂಬ ಪುಣ್ಯಾತ್ಮ ಎನ್‌ಎಫ್‌ಎಲ್‌ನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಈ ಪದ್ಧತಿ ಹುಟ್ಟಿದ ದಿನವೇ ಅಭಿಮಾನಿಗಳ ಹಣೆಬರಹವೂ ಬರೆದು ಮುಗಿದಿತ್ತು ಎನ್ನಬೇಕು.

ಊರಿನಿಂದ ಬಂದಿದ್ದ ನಮ್ಮ ಮಾವನವರು ಒಮ್ಮೆ ನನ್ನ ಪಕ್ಕ ಕುಳಿತು ಡ್ರಾಫ್ಟ್ ನೋಡಿದರು. ಒಂದು ಗಂಟೆ ಸುಮ್ಮನಿದ್ದು, ‘ಆಟ ಯಾವಾಗ ಶುರುವಾಗುತ್ತದೆ?’ ಎಂದು ಕೇಳಿದರು. ‘ಸೆಪ್ಟೆಂಬರ್‌ನಲ್ಲಿ’ ಎಂದೆ. ಎದ್ದು ಹೋಗುತ್ತಾರೆಂದುಕೊಂಡರೆ ಅವರು ಎದ್ದೇ ಇಲ್ಲ. ಹುಡುಗರ ತಾಯಂದಿರು ಮಗನ ಕೊರಳಿಗೆ ಬಿದ್ದು ಅಳುವುದನ್ನು ನೋಡುತ್ತಾ, ‘ಪಾಪ, ಮಗನಿಗೆ ಕೆಲಸ ಸಿಕ್ಕಿತಲ್ಲ’ ಎಂದು ತಾವೂ ಕಣ್ಣೊರೆಸಿಕೊಂಡರು. ಸುತ್ತು ಮುಗಿಯುವವರೆಗೆ ಕುಳಿತಿದ್ದರು. ಡ್ರಾಫ್ಟ್ ಅಂದರೆ ಏನೆಂದು ಅವರಿಗೆ ಅರ್ಥವಾದಷ್ಟು ಟಿವಿಯಲ್ಲಿ ಕುಳಿತು ಮಾತನಾಡುವ ಪಂಡಿತರಿಗೂ ಅರ್ಥವಾಗಿಲ್ಲ.

ಈಗ ನನ್ನ ಅಹವಾಲು.

ಮೊದಲನೆಯದಾಗಿ, ಸರದಿಯನ್ನು ಮಾರಿ ಹಿಂದಕ್ಕೆ ಸರಿಯಬೇಡಿ. ‘ಇವತ್ತಿನ ಒಬ್ಬ ಆಟಗಾರನ ಬದಲು ನಾಳೆಗೆ ಮೂವರು’ ಎಂಬ ಲೆಕ್ಕ ಕಾಗದದ ಮೇಲೆ ಬಹಳ ಚೆಂದ ಕಾಣುತ್ತದೆ. 2011ರಲ್ಲಿ ನಮ್ಮ ಬಳಿ ಆರನೆಯ ಸರದಿ ಇತ್ತು. ಅಟ್ಲಾಂಟಾ ಕೇಳಿತು, ಕೊಟ್ಟೆವು. ಅವರು ಹೂಲಿಯೊ ಜೋನ್ಸ್ ಅವರನ್ನು ತೆಗೆದುಕೊಂಡರು. ಆ ತಲೆಮಾರಿನ ಅತ್ಯುತ್ತಮ ರಿಸೀವರ್‌ಗಳ, ಅಂದರೆ ಎಸೆದ ಚೆಂಡನ್ನು ಹಿಡಿದು ಓಡುವವರ, ಪಟ್ಟಿ ಮಾಡಿದರೆ ಅವರ ಹೆಸರು ಮೊದಲ ಸಾಲಿನಲ್ಲೇ ಬರುತ್ತದೆ. ಬದಲಿಗೆ ಸಿಕ್ಕ ಸರದಿಗಳಲ್ಲಿ ಒಂದನ್ನು ಮರುವರ್ಷ ಬಳಸಿ ನಾವು ತಂದದ್ದು ಬ್ರ್ಯಾಂಡನ್ ವೀಡನ್ ಎಂಬ ಕ್ವಾರ್ಟರ್‌ಬ್ಯಾಕನ್ನು, ಅಂದರೆ ಚೆಂಡೆಸೆದು ತಂಡದ ಆಟ ನಡೆಸುವವರನ್ನು. ಆಗ ಅವರಿಗೆ 28 ವರ್ಷ. ಆ ವಯಸ್ಸಿಗೆ ಎಷ್ಟೋ ಆಟಗಾರರು ನಿವೃತ್ತಿಯ ಕಾಗದಕ್ಕೆ ಸಹಿ ಹಾಕಿರುತ್ತಾರೆ.

2016ರಲ್ಲಿ ಮತ್ತೆ ಎರಡನೆಯ ಸರದಿ ಸಿಕ್ಕಿತು. ಫಿಲಡೆಲ್ಫಿಯಾಗೆ ಮಾರಿದೆವು. ಅವರು ಕಾರ್ಸನ್ ವೆಂಟ್ಸ್ ಅವರನ್ನು ತೆಗೆದುಕೊಂಡು ಎರಡನೆಯ ವರ್ಷದ ಕೊನೆಯಲ್ಲಿ ಸೂಪರ್ ಬೌಲ್ ಗೆದ್ದರು. ವೆಂಟ್ಸ್ ಗಾಯಗೊಂಡು ಹೊರಗಿದ್ದರು, ಗೆಲ್ಲಿಸಿದ್ದು ನಿಕ್ ಫೋಲ್ಸ್, ಒಪ್ಪುತ್ತೇನೆ. ಆದರೆ ಅದೇ ಎರಡು ವರ್ಷಗಳಲ್ಲಿ ನಮ್ಮ ಲೆಕ್ಕ ಏನು ಗೊತ್ತೇ? ಮೊದಲ ವರ್ಷ ಒಂದು ಗೆಲುವು, ಹದಿನೈದು ಸೋಲು. ಎರಡನೆಯ ವರ್ಷ ಹದಿನಾರಕ್ಕೆ ಹದಿನಾರೂ ಸೋಲು. 2018ರ ಜನವರಿಯ ಕೊರೆಯುವ ಚಳಿಯಲ್ಲಿ ಸಾವಿರಾರು ಅಭಿಮಾನಿಗಳು ಕ್ರೀಡಾಂಗಣದ ಸುತ್ತ ಸೊನ್ನೆಯಾಕಾರದಲ್ಲಿ ಮೆರವಣಿಗೆ ನಡೆಸಿದರು. ಗೆದ್ದ ತಂಡಕ್ಕೆ ಮೆರವಣಿಗೆ ಮಾಡುವ ಊರುಗಳು ಬೇಕಾದಷ್ಟಿವೆ. ಒಂದೂ ಗೆಲ್ಲದ ತಂಡಕ್ಕಾಗಿ ಮೂಗು ಕೆಂಪಾಗಿಸಿಕೊಂಡು ಬೀದಿಗಿಳಿದ ಊರು ನಮ್ಮದು, ನನಗೆ ಅದರ ಬಗ್ಗೆ ಅಪಾರ ಹೆಮ್ಮೆಯಿದೆ.

2017ರ ಕಥೆ ಕೇಳಿದರೆ ನೀವು ನಂಬುವುದಿಲ್ಲ. ಆ ವರ್ಷ ನಮ್ಮ ಬಳಿ ಇದ್ದ ಹನ್ನೆರಡನೆಯ ಸರದಿಯನ್ನು ಹ್ಯೂಸ್ಟನ್‌ಗೆ ಕೊಟ್ಟೆವು. ಅವರು ಆ ಸರದಿಯಲ್ಲಿ ಕ್ವಾರ್ಟರ್‌ಬ್ಯಾಕ್ ಡಿಶಾನ್ ವಾಟ್ಸನ್ ಅವರನ್ನು ಆರಿಸಿಕೊಂಡರು. ಐದು ವರ್ಷ ಕಳೆದು 2022ರಲ್ಲಿ ಅದೇ ಹ್ಯೂಸ್ಟನ್‌ನಿಂದ ಅದೇ ವಾಟ್ಸನ್ ಅವರನ್ನು ತರಲು ನಾವು ಮೂರು ವರ್ಷಗಳ ಮೊದಲ ಸುತ್ತಿನ ಸರದಿಗಳನ್ನು ತೆತ್ತೆವು, ಜೊತೆಗೆ 23 ಕೋಟಿ ಡಾಲರ್‌ಗಳ ಒಪ್ಪಂದ, ಪೂರ್ತಿ ಖಾತರಿಯೊಂದಿಗೆ. ಒಂದೇ ಸರದಿಯಲ್ಲಿ ಬರಬಹುದಾಗಿದ್ದವರಿಗೆ ಮೂರು ಸರದಿ! ಬಂದ ವರ್ಷವೇ ಲೈಂಗಿಕ ದುರ್ವರ್ತನೆಯ ಆರೋಪಗಳ ಹಿನ್ನೆಲೆಯಲ್ಲಿ ಅವರಿಗೆ 11 ಪಂದ್ಯಗಳ ಅಮಾನತಾಯಿತು. ಆ ಆರೋಪಗಳು ಆಗಲೇ ಜಗಜ್ಜಾಹೀರಾಗಿದ್ದವು, ಗೊತ್ತಿದ್ದೇ ಸಹಿ ಹಾಕಿದರು. ಅದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಆಮೇಲೆ ಗಾಯದ ಮೇಲೆ ಗಾಯ. ಕಳೆದ ಅಕ್ಟೋಬರ್‌ನಲ್ಲಿ ಹರಿದ ಹಿಮ್ಮಡಿಯ ಸ್ನಾಯುರಜ್ಜು ಈ ಜನವರಿಯಲ್ಲಿ ಇನ್ನೊಮ್ಮೆ ಹರಿಯಿತು.

ಆ ಮೂರು ಏಪ್ರಿಲ್‌ಗಳನ್ನು ನಾವು ಹೇಗೆ ಕಳೆದೆವು ಎಂಬುದನ್ನು ಯಾರೂ ಬರೆದಿಲ್ಲ. 2022, 2023, 2024. ಮೊದಲ ರಾತ್ರಿ ಇಡೀ ದೇಶ ಟಿವಿ ಮುಂದೆ ಕುಳಿತಿರುತ್ತದೆ, ಉಳಿದ ಊರುಗಳಲ್ಲಿ ಪಟಾಕಿ, ಕುಣಿತ, ಕೂಗಾಟ. ನಮ್ಮ ಸರದಿಗೆ ಹ್ಯೂಸ್ಟನ್ ವಾರಸುದಾರ. ಬಿತ್ತನೆಯ ಬೀಜವನ್ನೇ ಮಾರಿದ ರೈತ ಮುಂಗಾರಿನಲ್ಲಿ ಪಕ್ಕದ ಹೊಲ ನೋಡುತ್ತಾ ನಿಂತ ಹಾಗೆ ನಿಂತಿದ್ದೆವು. ಹಾಗಾಗಿ ಈ ಗುರುವಾರದ್ದು ಬರೀ ಎರಡನೆಯ ಸರದಿಯಲ್ಲ. 2021ರ ನಂತರ ನಮಗೆ ಸಿಗುತ್ತಿರುವ ಮೊತ್ತಮೊದಲ, ಮೊದಲ ಸುತ್ತಿನ ಸರದಿ. ಅದನ್ನೂ ಮಾರುವ ಮಾತೆತ್ತುವವರ ಜೊತೆ ನಾನು ಕಾಫಿ ಕುಡಿಯುವುದಿಲ್ಲ.

2017ರ ವ್ಯಾಪಾರದಿಂದಲೇ ಮುಂದೆ ಡೆನ್ಜೆಲ್ ವಾರ್ಡ್ ಸಿಕ್ಕರಲ್ಲ ಎಂದು ನಮ್ಮ ಗುಂಪಿನ ಹಿರಿಯರೊಬ್ಬರು ಪ್ರತಿ ಬಾರಿ ನೆನಪಿಸುತ್ತಾರೆ. ನಿಜ, ವಾರ್ಡ್ ಚಿನ್ನದಂಥ ಆಟಗಾರ, ಓಹಾಯೋದ ಮಣ್ಣಿನ ಮಗ. ಒಂದು ಮಳೆ ಬಂದದ್ದಕ್ಕೆ ಹತ್ತು ಬರಗಾಲಗಳನ್ನು ಮರೆಯಲು ನನ್ನಿಂದಾಗದು.

ಎರಡನೆಯ ಅಹವಾಲು: ಮೊದಲ ಸುತ್ತಿನಲ್ಲಿ ಕ್ವಾರ್ಟರ್‌ಬ್ಯಾಕ್ ಬೇಡ. ಕೊಲರಾಡೊದ ಶೆಡೂರ್ ಸ್ಯಾಂಡರ್ಸ್ ಹೆಸರು ಗಾಳಿಯಲ್ಲಿದೆ. ಎಸೆತದಲ್ಲಿ ಒಳ್ಳೆಯ ಗುರಿ ಇದೆ, ಧೈರ್ಯ ಇದೆ, ತಂದೆ ಡಿಯಾನ್ ಸ್ಯಾಂಡರ್ಸ್ ಆಟದ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದವರು. ಆದರೆ ಚೆಂಡನ್ನು ಕೈಯಲ್ಲಿ ಹೆಚ್ಚು ಹೊತ್ತು ಹಿಡಿದು ನಿಲ್ಲುವ ಅಭ್ಯಾಸವಿದೆ, ನಮ್ಮ ವಿಭಾಗದಲ್ಲಿ ಕ್ವಾರ್ಟರ್‌ಬ್ಯಾಕ್‌ಗಳನ್ನು ನೆಲಕ್ಕುರುಳಿಸುವ ಪಿಟ್ಸ್‌ಬರ್ಗ್‌ನ ಟಿ. ಜೆ. ವಾಟ್ ಅಂಥವರಿಗಾಗಿಯೇ ಕಾದಿರುತ್ತಾರೆ. ನಮ್ಮ ಊರು, ತಂಡ ಮರಳಿ ಬಂದ 1999ರಿಂದ, ಎಷ್ಟು ಕ್ವಾರ್ಟರ್‌ಬ್ಯಾಕ್‌ಗಳನ್ನು ನುಂಗಿದೆ ಎಂದರೆ, ಅವರ ಹೆಸರುಗಳನ್ನು ಒಂದರ ಕೆಳಗೊಂದು ಅಂಟಿಸಿದ ಅಂಗಿಯೊಂದು ದೇಶದಾದ್ಯಂತ ಪ್ರಸಿದ್ಧವಾಗಿತ್ತು. ಹೆಸರುಗಳಿಗೆ ಬೆನ್ನು ಸಾಲದೆ ಹೋಯಿತು.

22 ಎಂಬ ಸಂಖ್ಯೆಯ ಬಗ್ಗೆ ಬೇರೆಯೇ ಹೇಳಬೇಕು. 2007ರಲ್ಲಿ ಬ್ರೇಡಿ ಕ್ವಿನ್, 2012ರಲ್ಲಿ ವೀಡನ್, 2014ರಲ್ಲಿ ಜಾನಿ ಮ್ಯಾನ್ಜೆಲ್. ಮೂವರೂ ಕ್ವಾರ್ಟರ್‌ಬ್ಯಾಕ್, ಮೂವರನ್ನೂ ನಾವು ತೆಗೆದುಕೊಂಡದ್ದು 22ನೆಯ ಸರದಿಯಲ್ಲಿ, ಮೂವರಿಂದಲೂ ಊರಿಗೆ ಬೆಳಕಾಗಲಿಲ್ಲ. ಈ ಸಲ 22 ನಮ್ಮ ಬಳಿ ಇಲ್ಲದಿರುವುದು ಶುಭಸೂಚನೆ. ರಾತ್ರಿ ಮಧ್ಯದಲ್ಲಿ ಯಾರಾದರೂ ಅದನ್ನು ಕೊಡಲು ಬಂದರೆ ಬಾಗಿಲು ತೆರೆಯಬಾರದು. 2000ದಲ್ಲಿ ನಾವು 183ನೆಯ ಸರದಿಯಲ್ಲಿ ಸ್ಪರ್ಗನ್ ವಿನ್ ಎಂಬ ಕ್ವಾರ್ಟರ್‌ಬ್ಯಾಕನ್ನು ಆರಿಸಿದೆವು. ಅಲ್ಲಿಂದ ಹದಿನಾರನೆಯ ಹೆಸರಾಗಿ 199ರಲ್ಲಿ ನ್ಯೂ ಇಂಗ್ಲೆಂಡ್ ಟಾಮ್ ಬ್ರೇಡಿ ಅವರನ್ನು ಆರಿಸಿತು. ಮುಂದೆ ಬ್ರೇಡಿ ಗೆದ್ದದ್ದು ಏಳು ಸೂಪರ್ ಬೌಲ್. 2022ರಲ್ಲಿ ಎಲ್ಲರಿಗಿಂತ ಕೊನೆಗೆ, 262ನೆಯವರಾಗಿ ಆಯ್ಕೆಯಾದ ಬ್ರಾಕ್ ಪರ್ಡಿ ಸ್ಯಾನ್ ಫ್ರಾನ್ಸಿಸ್ಕೊವನ್ನು ಸೂಪರ್ ಬೌಲ್‌ವರೆಗೆ ಕರೆದೊಯ್ದರು. ಕ್ವಾರ್ಟರ್‌ಬ್ಯಾಕ್ ಬೇಕಿದ್ದರೆ ಶನಿವಾರ ನಿಧಾನವಾಗಿ ಹುಡುಕಿ. ಅಲ್ಲಿಯವರೆಗೆ ನಲವತ್ತು ವರ್ಷದ ಜೋ ಫ್ಲಾಕೊ ಮರಳಿ ಬಂದಿದ್ದಾರೆ, ಕೆನಿ ಪಿಕೆಟ್ ಇದ್ದಾರೆ. ಪಿಕೆಟ್ ಅವರ ಗೇಣು ಚಿಕ್ಕದು ಎಂದು 2022ರಲ್ಲಿ ದೊಡ್ಡ ಗದ್ದಲವಾಗಿತ್ತು. ಡ್ರಾಫ್ಟ್‌ಗೆ ಮುಂಚೆ ಇಂಡಿಯಾನಾಪೊಲಿಸ್‌ನಲ್ಲಿ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ ಹೆಬ್ಬೆರಳಿನ ತುದಿಯಿಂದ ಕಿರುಬೆರಳಿನ ತುದಿಯವರೆಗೆ ಅಳೆಯುತ್ತಾರೆ, ನಲವತ್ತು ಗಜ ಓಡಿಸುತ್ತಾರೆ, ನಿಂತಲ್ಲಿಂದ ಜಿಗಿಸುತ್ತಾರೆ. ಹೆಣ್ಣು ನೋಡಲು ಬಂದ ಹಳೆಯ ಕಾಲದ ಬೀಗರೂ ಇಷ್ಟು ಪರೀಕ್ಷೆ ಮಾಡುತ್ತಿರಲಿಲ್ಲ.

ಇಷ್ಟೆಲ್ಲ ಹೇಳಿದ್ದು ಟ್ರಾವಿಸ್ ಹಂಟರ್‌ಗಾಗಿ.

ಈ ಹುಡುಗ ಎರಡೂ ಕಡೆ ಆಡುತ್ತಾನೆ. ತನ್ನ ತಂಡದ ಬಳಿ ಚೆಂಡಿದ್ದಾಗ ರಿಸೀವರ್, ಎದುರಾಳಿಯ ಬಳಿ ಇದ್ದಾಗ ಅವರ ರಿಸೀವರ್‌ಗೆ ಕಾವಲು ನಿಲ್ಲುವ ಕಾರ್ನರ್‌ಬ್ಯಾಕ್. ಉಳಿದವರು ಬೆಂಚಿನ ಮೇಲೆ ಕುಳಿತು ನೀರು ಕುಡಿಯುವಾಗ ಇವನು ಮೈದಾನದಲ್ಲೇ ಇರುತ್ತಾನೆ. ಕಳೆದ ಋತುವಿನಲ್ಲಿ ಕೊಲರಾಡೊಗಾಗಿ 96 ಕ್ಯಾಚ್, 1,258 ಗಜ, 15 ಟಚ್‌ಡೌನ್, ಅದರ ಮೇಲೆ ಎದುರಾಳಿಗಳಿಂದ ಕಿತ್ತುಕೊಂಡ ನಾಲ್ಕು ಚೆಂಡುಗಳು. ಅತ್ಯುತ್ತಮ ರಿಸೀವರ್ ಪ್ರಶಸ್ತಿಯೂ ಅವನಿಗೇ, ಅತ್ಯುತ್ತಮ ರಕ್ಷಣಾ ಆಟಗಾರ ಪ್ರಶಸ್ತಿಯೂ ಅವನಿಗೇ, ಎಲ್ಲಕ್ಕಿಂತ ದೊಡ್ಡದಾದ ಹೈಸ್‌ಮನ್ ಟ್ರೋಫಿಯೂ ಅವನಿಗೇ. ಎನ್‌ಎಫ್‌ಎಲ್‌ನಲ್ಲಿ ಎರಡೂ ಕಡೆ ಆಡಿದರೆ ದೇಹ ತಡೆಯುವುದಿಲ್ಲ ಎನ್ನುತ್ತಾರೆ. ಇರಬಹುದು. ಮುಖ್ಯವಾಗಿ ರಿಸೀವರ್ ಆಗಿ ಆಡಲಿ, ಆಟದ ಕೊನೆಯಲ್ಲಿ ಎದುರಾಳಿ ಚೆಂಡನ್ನು ದೂರಕ್ಕೆ ಎಸೆಯಲೇಬೇಕಾದ ಹೊತ್ತಿನಲ್ಲಿ ಆ ಕಡೆಗೂ ಕಳುಹಿಸಲಿ. ಕೋಚ್ ಕೆವಿನ್ ಸ್ಟೆಫಾನ್ಸ್ಕಿ ಇದನ್ನು ಲೆಕ್ಕ ಹಾಕಬಲ್ಲರು.

ಪೆನ್ ಸ್ಟೇಟ್‌ನ ಅಬ್ದುಲ್ ಕಾರ್ಟರ್ ಬೇಕು ಎನ್ನುವವರ ಮೇಲೆ ನನಗೆ ಕೋಪವಿಲ್ಲ. ಒಂದು ಬದಿಯಿಂದ ನಮ್ಮ ಮೈಲ್ಸ್ ಗ್ಯಾರೆಟ್, ಇನ್ನೊಂದು ಬದಿಯಿಂದ ಕಾರ್ಟರ್ ನುಗ್ಗುವ ಕನಸು ನನಗೂ ಬಿದ್ದಿದೆ, ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ಕನಿಕರವೂ ಬಂದಿದೆ. ಆದರೆ 2024ರಲ್ಲಿ 32 ತಂಡಗಳಲ್ಲಿ ಅತಿ ಕಡಿಮೆ ಅಂಕ ಗಳಿಸಿದವರು ನಾವು. ಋತುವಿನ ಮಧ್ಯದಲ್ಲೇ ನಮ್ಮ ರಿಸೀವರ್ ಅಮಾರಿ ಕೂಪರ್ ಅವರನ್ನು ಬಫಲೋಗೆ ಕಳುಹಿಸಿದೆವು. ಎದುರಾಳಿಯನ್ನು ಹತ್ತು ಅಂಕಕ್ಕೆ ಕಟ್ಟಿಹಾಕಿ ನಾವು ಏಳು ಗಳಿಸಿದರೆ ಪತ್ರಿಕೆಯಲ್ಲಿ ಸೋಲು ಎಂದೇ ಬರೆಯುತ್ತಾರೆ.

ಇನ್ನೊಂದು ಕಾರಣವನ್ನು ಪಂಡಿತರು ಯಾರೂ ಹೇಳುತ್ತಿಲ್ಲ. ಹಂಟರ್‌ಗೆ ಮೀನು ಹಿಡಿಯುವುದೆಂದರೆ ಪ್ರಾಣ. ನಮ್ಮ ಕ್ರೀಡಾಂಗಣ ಇರುವುದೇ ಈರಿ ಸರೋವರದ ದಡದಲ್ಲಿ, ಮೀನಿಗೆ ಹೆಸರಾದ ಸರೋವರ. 2007ರಲ್ಲಿ ನಾವು ಮೂರನೆಯ ಸರದಿಯಲ್ಲಿ ಜೋ ಥಾಮಸ್ ಅವರನ್ನು ಆರಿಸಿದಾಗ ಅವರು ಡ್ರಾಫ್ಟ್‌ಗೂ ಹೋಗದೆ ಮಿಶಿಗನ್ ಸರೋವರದಲ್ಲಿ ಅಪ್ಪನ ಜೊತೆ ದೋಣಿಯಲ್ಲಿ ಮೀನು ಹಿಡಿಯುತ್ತಿದ್ದರು. ಆಮೇಲೆ ಆ ಮನುಷ್ಯ ಸತತ 10,363 ಸ್ನ್ಯಾಪ್‌ಗಳನ್ನು (ಚೆಂಡು ಒಮ್ಮೆ ಆಟಕ್ಕಿಳಿದರೆ ಒಂದು ಸ್ನ್ಯಾಪ್), ಒಂದನ್ನೂ ಬಿಡದೆ, ನಮಗಾಗಿ ಆಡಿದರು. ಒಂದೇ ಒಂದು ಪ್ಲೇಆಫ್ ಪಂದ್ಯ ಅವರಿಗೆ ಒದಗಿ ಬರಲಿಲ್ಲ, ಆದರೂ ಊರು ಬಿಟ್ಟು ಹೋಗಲಿಲ್ಲ. 2023ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಕ್ಲೀವ್‌ಲ್ಯಾಂಡ್‌ಗೆ ಗಾಳ ಹಿಡಿದು ಕೂರುವ ತಾಳ್ಮೆ ಇರುವವರೇ ಬೇಕು. ಈ ವಾದಕ್ಕೆ ಉತ್ತರ ಕೊಡಬಲ್ಲವರನ್ನು ನಾನು ಇನ್ನೂ ಕಂಡಿಲ್ಲ.

ಪಿಟ್ಸ್‌ಬರ್ಗ್‌ನಲ್ಲಿರುವ ನಮ್ಮ ಕನ್ನಡ ಬಳಗಕ್ಕೆ ಒಂದು ಮಾತು. ನಿಮ್ಮ ಊರಿನ ಗುಡ್ಡದ ಮೇಲೆ 1976ರಿಂದ ವೆಂಕಟೇಶ್ವರ ನೆಲೆಸಿದ್ದಾನೆ, ಅವನಿಗೆ ಮುಡಿಪು ಒಪ್ಪಿಸಲು ನಾವು ಎರಡು ಗಂಟೆ ಕಾರು ಓಡಿಸಿಕೊಂಡು ನಿಮ್ಮ ತಂಡವಾದ ಸ್ಟೀಲರ್ಸ್‌ನ ಸೀಮೆಗೇ ಬರಬೇಕು. ಬರುತ್ತೇವೆ. ಕಿತ್ತಳೆ ಬಣ್ಣದ ಅಂಗಿಯಲ್ಲೇ ಬರುತ್ತೇವೆ. ಪುಳಿಯೋಗರೆಯ ಸಾಲಿನಲ್ಲಿ ನಿಂತಾಗ ಸೂಪರ್ ಬೌಲ್‌ಗಳ ಲೆಕ್ಕ ಎತ್ತಬೇಡಿ, ದೇವಸ್ಥಾನ ಅದು. ನೀವು ಆರು ಗೆದ್ದಿದ್ದೀರಿ, ನಾವು ಒಂದರಲ್ಲೂ ಆಡಿಲ್ಲ, ಇದು ತಿಮ್ಮಪ್ಪನಿಗೂ ಗೊತ್ತಿದೆ.

ಬಾಲ್ಟಿಮೋರ್‌ನವರಿಗೆ ನಾನು ಏನನ್ನೂ ಹೇಳುವುದಿಲ್ಲ. ನಮ್ಮ ತಂಡವನ್ನೇ ಎತ್ತಿಕೊಂಡು ಹೋಗಿ, 1996ರಲ್ಲಿ ತಮ್ಮ ಮೊದಲ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಜೊನಾಥನ್ ಆಗ್ಡನ್ ಮತ್ತು ರೇ ಲೂಯಿಸ್ ಇಬ್ಬರನ್ನೂ ಆರಿಸಿಕೊಂಡರು. ಇಬ್ಬರೂ ಹಾಲ್ ಆಫ್ ಫೇಮ್. ನಮ್ಮ ಒಲೆಯಲ್ಲಿ ಬೆಂದ ಅನ್ನವನ್ನು ಉಂಡವರ ಜೊತೆ ನನಗೆ ಮಾತಿಲ್ಲ.

ಬೆಂಗಳೂರಿನ ಗೆಳೆಯರೇ, ನಿಮಗೆ ಇದು ಶುಕ್ರವಾರ ಬೆಳಗಿನ ಐದೂವರೆ. ಗುರುವಾರ ಸಂಜೆ ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ರಾಜಸ್ಥಾನದ ವಿರುದ್ಧ ಆಡುತ್ತದೆ. ಅದನ್ನು ನೋಡಿ, ನಾಲ್ಕು ಗಂಟೆ ಮಲಗಿ, ಎದ್ದು ಬನ್ನಿ. ಹದಿನೇಳು ವರ್ಷ ಕಪ್‌ಗಾಗಿ ಕಾದವರಿಗೆ ಬ್ರೌನ್ಸ್ ಅಭಿಮಾನಿಯ ಭಾಷೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಮಿಷನರ್ ರೋಜರ್ ಗುಡೆಲ್ ವೇದಿಕೆಗೆ ಬಂದಾಗ ಎಲ್ಲರೂ ಸೇರಿ ಜೋರಾಗಿ ಛೀಮಾರಿ ಹಾಕುವುದು ಇಲ್ಲಿನ ಸಂಪ್ರದಾಯ, ನಿಮ್ಮ ಮನೆಯಲ್ಲಿ ಮಕ್ಕಳು ಮಲಗಿದ್ದರೆ ಮೆಲ್ಲಗೆ ಹಾಕಿ.

ಹಂಟರ್ ಹೆಸರು ಬಂದರೆ ಅಂದು ರಾತ್ರಿ ನಮ್ಮ ಮನೆಯಲ್ಲಿ ಹೋಳಿಗೆ. ಬೇಳೆ ಈಗಾಗಲೇ ತಂದಾಗಿದೆ. ಶುಕ್ರವಾರ ಎರಡನೆಯ ಸುತ್ತಿನ ಮೊದಲ ಸರದಿಯೂ, ಅಂದರೆ 33ನೆಯದೂ ನಮ್ಮದೇ. ಅದಕ್ಕೆ ಕ್ವಾರ್ಟರ್‌ಬ್ಯಾಕ್ ಕಾಯುವ ದೈತ್ಯ ದೇಹದ ಲೈನ್‌ಮನ್ ಒಬ್ಬ ಬರಲಿ ಎನ್ನುವುದು ನನ್ನ ಪಟ್ಟು. ಚೆಂಡು ಹಿಡಿದು ನುಗ್ಗುವ ಓಟಗಾರ ಬರಲಿ ಎನ್ನುವವರು ಕೆಳಗೆ ಬರೆಯಿರಿ, ಶುಕ್ರವಾರ ಸಂಜೆ ಏಳು ಗಂಟೆಯವರೆಗೆ ಜಗಳಕ್ಕೆ ನಾನು ಸಿದ್ಧ.