ಡಾಲರ್ ಕಟ್ಟಿ ಕಪ್ಪು ಬಿಡಿಸಿದ್ದು

ಅಡಿಕೆ ತೋಟದ ಕೆಲಸ ತಪ್ಪಿಸಿಕೊಳ್ಳುವುದಕ್ಕೆ ಅಂತಲೇ ನಾನು ಓದಿದ್ದು. ಇದನ್ನು ಅಪ್ಪಯ್ಯನ ಎದುರು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಅವರಿಗೆ ಗೊತ್ತಿತ್ತು. ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಕಪ್ಪು ಬಿಡಿಸುವ ದಿನ ಬಂತೆಂದರೆ ನಾನು ಗಣಿತದ ಪುಸ್ತಕ ಹಿಡಿದು ಅಟ್ಟ ಹತ್ತುತ್ತಿದ್ದೆ.

ಕಪ್ಪು ಅಂದರೆ ಬಣ್ಣವಲ್ಲ, ಬಯಲುಸೀಮೆಯವರು ಗಾಬರಿಯಾಗಬಾರದು. ಅಡಿಕೆ ಮರಗಳ ಸಾಲಿನ ನಡುವೆ ನೀರು ಹರಿದು ಹೋಗಲಿ ಅಂತ ತೆಗೆದ ಕಾಲುವೆ. ವರ್ಷ ವರ್ಷ ಅದರಲ್ಲಿ ಮಣ್ಣು, ದರಕು, ಕೊಳೆತ ಸೋಗೆ ತುಂಬಿಕೊಳ್ಳುತ್ತದೆ. ಎತ್ತಿ ಹಾಕದಿದ್ದರೆ ನೀರು ನಿಂತು ಮರದ ಬೇರು ಕೊಳೆಯುತ್ತದೆ. ಎತ್ತಿ ಹಾಕಿದರೆ ಸೊಂಟ ಕಳಚುತ್ತದೆ. ನಾನು ಸೊಂಟದ ಪಕ್ಷ. ಹೀಗೆ ತಪ್ಪಿಸಿಕೊಂಡು ತಪ್ಪಿಸಿಕೊಂಡು ಗಣಿತ ಬಂತು. ಗಣಿತದ ಬಾಲ ಹಿಡಿದು ಎಂಜಿನಿಯರಿಂಗ್, ಅಲ್ಲಿಂದ ಬೆಂಗಳೂರು, ಕೊನೆಗೆ ನ್ಯೂಜೆರ್ಸಿ. ಕಪ್ಪಿನಿಂದ ಇದಕ್ಕಿಂತ ದೂರ ಓಡುವುದು ಕಷ್ಟ.

ನಲವತ್ತೆರಡಕ್ಕೆ ಕೊಲೆಸ್ಟರಾಲ್ ಬಂತು. ಡಾಕ್ಟರು ನಡೆಯಿರಿ ಅಂದರು. ಟ್ರೆಡ್‌ಮಿಲ್ ತಂದೆ. ಮೂರು ವಾರದಲ್ಲಿ ಅದು ಒದ್ದೆ ಟವೆಲ್ ಒಣಹಾಕುವ ಜಾಗವಾಯಿತು. ಆಮೇಲೊಂದು ದಿನ ಊರಿನ ಲೈಬ್ರರಿಯ ಗೋಡೆಯಲ್ಲಿ ಹೈಕಿಂಗ್ ಕ್ಲಬ್ಬಿನ ಚೀಟಿ ಕಂಡಿತು. ವರ್ಷಕ್ಕೆ 25 ಡಾಲರ್ ಚಂದಾ. ಜಿಮ್ಮಿಗಿಂತ ಅಗ್ಗ. ಕಟ್ಟಿಬಿಟ್ಟೆ.

ನ್ಯೂಜೆರ್ಸಿ ಅಂದರೆ ಎಡಿಸನ್ ಎಂಬ ಊರಿನ ದೋಸೆ ಮತ್ತು ಹೈವೇ ಟೋಲು, ಇಷ್ಟೇ ಅಂತ ನಾನೂ ಬಹಳ ದಿನ ತಿಳಿದಿದ್ದೆ. ಆದರೆ ಅದರ ವಾಯವ್ಯ ಮೂಲೆಯಲ್ಲಿ ಬೆಟ್ಟ ಇದೆ, ಕಾಡಿದೆ, ಕರಡಿ ಇದೆ. ಆ ಬೆಟ್ಟದ ಮೇಲೇ ಹೋಗುತ್ತದೆ ಅಪ್ಪಲೇಚಿಯನ್ ಟ್ರೇಲ್ ಎಂಬ ಕಾಲುದಾರಿ. ಜಾರ್ಜಿಯಾದಲ್ಲಿ ಶುರುವಾಗಿ 14 ರಾಜ್ಯಗಳಲ್ಲಿ ಹಾದು ಮೇಯ್ನ್ ರಾಜ್ಯದಲ್ಲಿ ಮುಗಿಯುವ ಸುಮಾರು 3,500 ಕಿಲೋಮೀಟರ್ ದಾರಿ. ನಮ್ಮ ಪಾಲಿಗೆ ಬಂದಿರುವುದು ಅದರಲ್ಲಿ ಸುಮಾರು 115 ಕಿಲೋಮೀಟರ್. 1921ರಲ್ಲಿ ಬೆಂಟನ್ ಮೆಕಾಯ್ ಅನ್ನುವವರು ಹೀಗೊಂದು ದಾರಿ ಆಗಬೇಕು ಅಂತ ಬರೆದರು, 1937ರ ಹೊತ್ತಿಗೆ ಅದು ತುದಿಯಿಂದ ತುದಿಗೆ ಕೂಡಿಕೊಂಡಿತು. ಇಲ್ಲಿಯವರೆಗೆ ಎಲ್ಲ ಚೆನ್ನಾಗಿದೆ. ನನಗೆ ಗೊತ್ತಿಲ್ಲದ ಸಂಗತಿ ಒಂದೇ: ಇಷ್ಟು ಉದ್ದದ ದಾರಿಯನ್ನು ಗುಡಿಸಿ, ಸವರಿ, ನೀರು ತಿರುಗಿಸಿ ಕಾಪಾಡುವವರಲ್ಲಿ ಬಹುಪಾಲು ಜನ ಸಂಬಳವಿಲ್ಲದವರು. ಶನಿವಾರ ಮನೆಯಲ್ಲಿ ಮಲಗಲು ಬಾರದ ನನ್ನಂಥವರು.

ಮೊದಲ ನಡಿಗೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹೊಸ ಬೂಟು, ಎರಡು ಬೊಕ್ಕೆ, ನನ್ನನ್ನು ಹಿಂದೆ ಹಾಕಿ ಹೋದ ಒಬ್ಬ ಅಜ್ಜ. ಅವರಿಗೆ ಎಪ್ಪತ್ತಾರು ವರ್ಷ. ಕ್ಲಬ್ಬಿನ ಕೆಲಸದ ತಂಡಕ್ಕೆ ಅವರೇ ಯಜಮಾನರು. ಹೆಸರು ಹಿಡಿದು ಕರೆ ಅಂದರು. ಎಪ್ಪತ್ತಾರರವರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳಲಿಲ್ಲ. ಸರ್ ಅಂದರೆ ಅವರಿಗೆ ಸಿಟ್ಟು. ಹಾಗಾಗಿ ಅವರನ್ನು ಕರೆಯುವ ಪ್ರಸಂಗ ಬಂದರೆ ನಾನು ಕೆಮ್ಮುತ್ತಿದ್ದೆ.

ನಡಿಗೆ ಮುಗಿದ ಮೇಲೆ ಅಜ್ಜ ಕಾರಿಗೆ ಒರಗಿ ನಿಂತು ಕೇಳಿದರು, "ಮುಂದಿನ ಶನಿವಾರ ದಾರಿ ಕೆಲಸ ಇದೆ. ನೀರಿನ ಕಾಲುವೆ ಬಿಡಿಸಿ ಅಭ್ಯಾಸ ಇರುವವರು ಯಾರಾದರೂ ಇದ್ದೀರಾ?"

ಯಾರೂ ಮಾತಾಡಲಿಲ್ಲ. ಆ ಮೌನ ನನಗೆ ತಡೆಯಲಾಗಲಿಲ್ಲ. "ನಮ್ಮ ಮನೆತನದಲ್ಲಿ ತಲೆಮಾರುಗಳಿಂದ ಅದೇ ಕೆಲಸ" ಅಂದುಬಿಟ್ಟೆ. ಸುಳ್ಳಲ್ಲ. ಮುತ್ತಜ್ಜ, ಅಜ್ಜ, ಅಪ್ಪಯ್ಯ ಎಲ್ಲ ಮಾಡಿದ್ದಾರೆ. ಆ ಪಟ್ಟಿಯಲ್ಲಿ ನನ್ನ ಹೆಸರಿಲ್ಲ, ಅಷ್ಟೆ.

ಶನಿವಾರ ಬೆಳಿಗ್ಗೆ ನನಗೆ ಹೆಲ್ಮೆಟ್, ಕನ್ನಡಕ, ಕೈಗವಸು ಕೊಟ್ಟರು. ಸಹಿ ಹಾಕಲು ಒಂದು ಫಾರಂ ಕೊಟ್ಟರು. ಆಯುಧ ಹಿಡಿದವರ ನಡುವೆ ಹತ್ತಡಿ ಅಂತರವಿರಬೇಕು ಅಂತ ಪಾಠ ಮಾಡಿದರು. ಎಲ್ಲ ಕಟ್ಟಿಕೊಂಡ ಮೇಲೆ ನನಗೆ ಚಂದ್ರನ ಮೇಲೆ ಇಳಿಯುವವನ ಕಳೆ ಬಂತು. ನಮ್ಮ ತೋಟದಲ್ಲಿ ಇದೇ ಕೆಲಸಕ್ಕೆ ಲುಂಗಿ ಎತ್ತಿ ಕಟ್ಟಿ, ತಲೆಗೊಂದು ಅಡಿಕೆ ಹಾಳೆಯ ಟೊಪ್ಪಿ ಇಟ್ಟು, ಬಾಯಿಗೆ ಎಲೆಯಡಿಕೆಯ ಕವಳ ಹಾಕಿದರೆ ತಯಾರಿ ಮುಗಿಯಿತು.

ಆಮೇಲೆ ಪುಲಾಸ್ಕಿ ಬಂತು. ಒಂದು ಬದಿ ಕೊಡಲಿ, ಇನ್ನೊಂದು ಬದಿ ಗುದ್ದಲಿ, ನಡುವೆ ಒಂದೇ ಕಾವು. ಎಡ್ ಪುಲಾಸ್ಕಿ ಎಂಬ ಅರಣ್ಯ ಸಿಬ್ಬಂದಿಯ ಹೆಸರು ಅದಕ್ಕೆ. 1910ರ ದೊಡ್ಡ ಕಾಡ್ಗಿಚ್ಚಿನಲ್ಲಿ ತನ್ನ ಆಳುಗಳನ್ನು ಗಣಿಯ ಸುರಂಗದೊಳಗೆ ನುಗ್ಗಿಸಿ ಬಹುಪಾಲು ಜನರನ್ನು ಉಳಿಸಿದ ಮನುಷ್ಯ. ಅಂಥವನ ಹೆಸರಿನ ಆಯುಧವನ್ನು ನಾನು ಹಿಂದುಮುಂದಾಗಿ ಹಿಡಿದಿದ್ದೆ. ಗುದ್ದಲಿ ಬದಿ ಆಕಾಶಕ್ಕೆ, ಕೊಡಲಿ ಬದಿ ಮಣ್ಣಿಗೆ. ಅಜ್ಜ ಏನೂ ಅನ್ನಲಿಲ್ಲ. ಮೆಲ್ಲಗೆ ಬಂದು ತಿರುಗಿಸಿ ಕೊಟ್ಟರು. "ನಿಮ್ಮ ಕಡೆ ಬೇರೆ ಥರ ಇರಬಹುದು" ಅಂದರು. ಒಳ್ಳೆಯ ಜನ.

ಕೆಲಸ ಏನೆಂದರೆ, ಇಳಿಜಾರಿನ ಕಾಲುದಾರಿಯಲ್ಲಿ ಮಳೆನೀರು ದಾರಿಯನ್ನೇ ಹಳ್ಳ ಮಾಡಿಕೊಂಡು ಓಡುತ್ತದೆ. ಅದನ್ನು ಅಲ್ಲಲ್ಲಿ ತಡೆದು ಪಕ್ಕಕ್ಕೆ ಹೊರಳಿಸಲು ಕಲ್ಲೋ ದಿಮ್ಮಿಯೋ ಓರೆಯಾಗಿ ಹೂತು, ಅದರ ಮೇಲ್ಗಡೆ ಒಂದು ಕಾಲುವೆ ತೆಗೆದಿರುತ್ತಾರೆ. ವರ್ಷ ವರ್ಷ ಅದರಲ್ಲಿ ಮಣ್ಣು, ತರಗೆಲೆ ತುಂಬಿಕೊಳ್ಳುತ್ತದೆ. ಅದನ್ನು ಎತ್ತಿ ಹಾಕಬೇಕು. ನಾನು ನೋಡಿದೆ. ಮತ್ತೊಮ್ಮೆ ನೋಡಿದೆ. ಅನುಮಾನವೇ ಇಲ್ಲ. ಇದು ಕಪ್ಪು. ಎರಡು ಸಮುದ್ರ ದಾಟಿ ನನ್ನನ್ನು ಹುಡುಕಿಕೊಂಡು ಬಂದಿತ್ತು.

ಒಂದು ಗಂಟೆ ಅಗೆದೆ. ಕಾಲುವೆ ಲೆಕ್ಕಾಚಾರದಂತೆ ನೆಟ್ಟಗೆ, ದಾರಿಗೆ ಸರಿಯಾಗಿ ತೊಂಬತ್ತು ಡಿಗ್ರಿಯಲ್ಲಿ ಬಂತು. ಗಣಿತ ಓದಿದವನ ಕೆಲಸ. ಅಜ್ಜ ತಮ್ಮ ಬಾಟಲಿ ತೆಗೆದು ಮೇಲಿನಿಂದ ನೀರು ಹೊಯ್ದರು. ನೀರು ಬಂತು, ಕಾಲುವೆಯಲ್ಲಿ ನಿಂತಿತು, ಸ್ವಲ್ಪ ಯೋಚಿಸಿತು. ಆಮೇಲೆ ಕಲ್ಲು ಹತ್ತಿ ನನ್ನ ಬೂಟಿನೊಳಗೆ ಹೋಯಿತು.

ಬೆಟ್ಟದ ಮೇಲೆ ಸಿಗ್ನಲ್ ಚೆನ್ನಾಗಿತ್ತು. ಊರಲ್ಲಿ ರಾತ್ರಿ ಎಂಟೂವರೆ. ಅಪ್ಪಯ್ಯನಿಗೆ ವಿಡಿಯೊ ಕಾಲ್ ಮಾಡಿ ಕಾಲುವೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬಂದರು.

"ಓರೆ ಹೊಡೀಬೇಕು ಮಾರಾಯ. ನೀರಿಗೂ ಸೊಂಟ ಇದೆ. ಹಾಗೆ ತಟ್ಟನೆ ತಿರುಗು ಅಂದ್ರೆ ತಿರುಗುತ್ತಾ? ಅದಿರಲಿ, ಯಾರ ತೋಟ ಅದು?"

"ತೋಟ ಅಲ್ಲ ಅಪ್ಪಯ್ಯ. ಬೆಟ್ಟ. ಸರ್ಕಾರದ್ದು."

"ಇಲ್ಲಿ ಕಪ್ಪು ಬಿಡ್ಸೋಕೆ ಆಳು ಸಿಗದೆ ನಾನು ಊರೂರು ಫೋನ್ ಮಾಡ್ತಾ ಇದೀನಿ. ನೀನಲ್ಲಿ ಸರ್ಕಾರದ ಕಪ್ಪು ಬಿಡಿಸ್ತಾ ಇದೀಯ. ಆಗ್ಲಿ. ಕೂಲಿ ಎಷ್ಟು?"

"ಕೂಲಿ ಕೊಡೋದಿಲ್ಲ. ನಾನೇ 25 ಡಾಲರ್ ಕಟ್ಟಿದೀನಿ."

ಬಹಳ ಹೊತ್ತು ಅವರು ಮಾತಾಡಲಿಲ್ಲ. ಸಿಗ್ನಲ್ ಹೋಯಿತೇನೋ ಅಂದುಕೊಂಡೆ. ಆಮೇಲೆ, "ತಡಿ, ಅಮ್ಮನ ಕೈಗೆ ಕೊಡ್ತೀನಿ" ಅಂದರು.

ಮಧ್ಯಾಹ್ನ ಸವರುವ ಕೆಲಸ. ದಾರಿಯ ಮೇಲೆ ಚಾಚಿದ ಗಿಡಬಳ್ಳಿ ಕತ್ತರಿಸಬೇಕು. ನಾಲ್ಕಡಿ ಅಗಲ, ಎಂಟಡಿ ಎತ್ತರ ಬಿಡುವಾಗಬೇಕು. ಕಡಿದದ್ದನ್ನು ದಾರಿಹೋಕರ ಕಣ್ಣಿಗೆ ಬೀಳದ ಹಾಗೆ ಎಸೆಯಬೇಕು. ಇಲ್ಲಿ ಅಜ್ಜ ಒಂದು ಮಾತು ಹೇಳಿದರು, "ಮೂರೆಲೆ ಕಂಡರೆ ಮುಟ್ಟಬೇಡ." ಹೇಳುವಾಗ ನಾನು ಬೂಟಿನ ನೀರು ಚೆಲ್ಲುತ್ತಿದ್ದೆ. ಕೇಳಿಸಿದ್ದು ಅರ್ಧ. ಅದೂ ಅಲ್ಲದೆ, ಮೂರೆಲೆ ಕಂಡರೆ ಕಣ್ಣಿಗೊತ್ತಿಕೊಂಡು ಲಿಂಗದ ಮೇಲಿಡುವ ಜನ ನಾವು. ಒಂದು ಮರಕ್ಕೆ ಬಳ್ಳಿ ಹಬ್ಬಿತ್ತು. ಒಂದೊಂದು ತೊಟ್ಟಿಗೂ ಮೂರು ಮೂರು ಎಲೆ. ಹೊಳಪು, ಮುಟ್ಟಿದರೆ ಮೆತ್ತಗೆ. ಅಮ್ಮ ಕಂಡಿದ್ದರೆ ಬಿಲ್ವಪತ್ರೆ ಅಂತ ಒಂದು ಬುಟ್ಟಿ ಕೊಯ್ಯುತ್ತಿದ್ದಳು. ಕೈಗವಸಿನಲ್ಲಿ ಹಿಡಿತ ಸಿಗದೆ ಅದನ್ನು ಕಳಚಿಟ್ಟು, ಬಳ್ಳಿಯನ್ನು ಎರಡೂ ಕೈಯಲ್ಲಿ ತಬ್ಬಿ ಎಳೆದೆ.

ಅಷ್ಟರಲ್ಲಿ ಪೊದೆಯ ಆಚೆ ಏನೋ ಕದಲಿತು. ಬಗ್ಗಿ ನೋಡಿದರೆ ಕರಡಿ. ಸುಮ್ನೆ ಹೇಳುತ್ತಿಲ್ಲ. ನ್ಯೂಜೆರ್ಸಿಯ ಆ ಮೂಲೆಯಲ್ಲಿ ಕಪ್ಪು ಕರಡಿಗಳಿವೆ, ನನ್ನ ಎದುರಿನದು ಒಳ್ಳೆಯ ಎಮ್ಮೆಕರುವಿನಷ್ಟಿತ್ತು. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಅನ್ನುವ ಮಾತನ್ನು ನಾನು ಎಷ್ಟೋ ಮೀಟಿಂಗುಗಳಲ್ಲಿ ಮನಸ್ಸಿನೊಳಗೆ ಅಂದುಕೊಂಡಿದ್ದೇನೆ. ಕೈತುಂಬ ಪತ್ರೆ ಹಿಡಿದು, ಎದುರಿಗೆ ನಿಜವಾದ ಕರಡಿ ನಿಂತಿರುವಾಗ ಅದರ ಅರ್ಥ ಬೇರೆಯೇ ಆಗುತ್ತದೆ.

"ಓಡಬೇಡ! ಜೋರಾಗಿ ಮಾತಾಡು!" ಹಿಂದಿನಿಂದ ಅಜ್ಜ ಕೂಗಿದರು.

ಜೋರಾಗಿ ಏನು ಮಾತಾಡಲಿ? ಇಪ್ಪತ್ತು ವರ್ಷ ಇಂಗ್ಲಿಷಿನಲ್ಲೇ ಅನ್ನ ತಿಂದಿದ್ದೇನೆ, ಆ ಹೊತ್ತಿಗೆ ಒಂದು ಶಬ್ದ ಬರಲಿಲ್ಲ. ಬಂದದ್ದು, ಅಡುಗೆಮನೆಗೆ ನಾಯಿ ನುಗ್ಗಿದಾಗ ಅಮ್ಮ ಕೂಗುವುದು. "ಹಚಾ! ಹಚಾ! ಹಚಾ!" ಕೈ ಮೇಲೆತ್ತಿ, ಬಳ್ಳಿಯ ಸಮೇತ ಕುಣಿದೆ. ಕರಡಿ ನನ್ನನ್ನೊಮ್ಮೆ ನೋಡಿತು. ಅಪಮಾನವಾದವರ ಹಾಗೆ ತಿರುಗಿ, ಅವಸರವಿಲ್ಲದೆ ಹೋಯಿತು. ನಮ್ಮೂರ ನಾಯಿಗೆ ಅರ್ಥವಾಗಲು ಇದಕ್ಕಿಂತ ಹೊತ್ತು ಬೇಕು. ಅಜ್ಜ ಆ ಮಂತ್ರವನ್ನು ಎರಡು ಸಲ ಹೇಳಿಸಿಕೊಂಡು ಕಲಿತರು. ಈಗಲೂ ಕೆಲಸದ ದಿನ ಪೊದೆಯಲ್ಲಿ ಸದ್ದಾದರೆ ಅವರು "ಹ್ಯಾಚಾ" ಅನ್ನುತ್ತಾರೆ. ಹೊಸಬರು ಶೀತ ಆಗಿದೆ ಅಂದುಕೊಳ್ಳುತ್ತಾರೆ.

ಮನೆಗೆ ಬಂದ ಮೇಲೆ ಮೈಯೆಲ್ಲ ಹುಡುಕಿಕೊಳ್ಳುವ ಶಾಸ್ತ್ರ. ಉಣುಗು, ಅಂದರೆ ರಕ್ತ ಹೀರುವ ಉಣ್ಣೆ ಹುಳ, ಹತ್ತಿದೆಯೇ ಅಂತ. ಮಲೆನಾಡಿನವನಿಗೆ ಇದು ಹೊಸದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆಗೆ ಆ ಊರಿನ ಹೆಸರೇ ಬಿತ್ತು. ಇಲ್ಲಿ ಲೈಮ್ ಕಾಯಿಲೆಯಿಂದಾಗಿ ಕನೆಕ್ಟಿಕಟ್ಟಿನ ಲೈಮ್ ಎಂಬ ಊರಿಗೂ ಅದೇ ಗತಿ. ಎರಡೂ ಕಡೆ ತಪ್ಪು ಉಣುಗಿನದು, ಹೆಸರು ಕೆಟ್ಟದ್ದು ಊರಿನದು. ನನ್ನ ಮೈಮೇಲೆ ಉಣುಗು ಇರಲಿಲ್ಲ. ಗೆದ್ದೆ ಅಂತ ಹಾಯಾಗಿ ಮಲಗಿದೆ.

ಸೋಮವಾರ ಬೆಳಿಗ್ಗೆ ಕನ್ನಡಿಯಲ್ಲಿ ಬೇರೆ ಯಾರೋ ಇದ್ದರು. ಕೈ ಎರಡೂ ಗುಳ್ಳೆ, ಮುಖ ಊದಿ ಒಂದು ಕಣ್ಣು ಮುಚ್ಚಿತ್ತು. ಬೆವರು ಒರೆಸಿಕೊಂಡ ಕಡೆಯೆಲ್ಲ ಕೆಂಪು. ಆಫೀಸಿನ ಮೀಟಿಂಗಿಗೆ ಕ್ಯಾಮರಾ ಕೆಟ್ಟಿದೆ ಅಂದೆ. ಅಮ್ಮನ ಮುಂದೆ ಆ ಸುಳ್ಳು ನಡೆಯಲಿಲ್ಲ.

"ಹೊಳಗೇರು ಮುಟ್ಟಿದೀಯ" ಅಂದಳು, ನೋಡಿದ ಕೂಡಲೇ. ಹೊಳಗೇರು ಅಂದರೆ ನಮ್ಮ ಕಡೆಯ ಕಾಡುಮರ, ಸೊನೆ ತಾಗಿದರೆ ಮೈ ಊದುತ್ತದೆ.

"ಅಮ್ಮಾ, ಇಲ್ಲಿ ಗೇರು ಎಲ್ಲಿಂದ ಬರಬೇಕು? ಇದು ಅಮೆರಿಕ."

"ಸೊನೆಗೆ ದೇಶ ಗೊತ್ತಾಗುತ್ತೇನೋ? ಸೋಪು ಹಾಕಿ ತೊಳಿ. ಬಟ್ಟೆನೂ ತೊಳಿ."

ಡಾಕ್ಟರು ನೋಡಿ ಪಾಯಿಸನ್ ಐವಿ ಅಂದರು. ಅದರಲ್ಲಿರುವುದು ಉರುಶಿಯಾಲ್ ಎಂಬ ಎಣ್ಣೆಯಂತೆ. ಮಾವು, ಗೇರು ಎಲ್ಲ ಇದೇ ಬಳ್ಳಿಯ ನೆಂಟರಂತೆ. ಸೋಪು ಹಾಕಿ ತೊಳೆಯಿರಿ, ಬಟ್ಟೆಯನ್ನೂ ತೊಳೆಯಿರಿ ಅಂದರು. ಅಮ್ಮ ಪುಕ್ಕಟೆ ಹೇಳಿದ್ದಕ್ಕೆ ಇಲ್ಲಿ ನಲವತ್ತು ಡಾಲರ್ ತೆತ್ತೆ.

ಇಷ್ಟಾದ ಮೇಲೂ ಮುಂದಿನ ತಿಂಗಳು ಹೋದೆ. ಯಾಕೆ ಅಂತ ಕೇಳಬೇಡಿ. ಓರೆ ಹೊಡೆದ ನನ್ನ ಕಾಲುವೆಯಲ್ಲಿ ನೀರು ಸರಿಯಾಗಿ ತಿರುಗಿತೋ ಇಲ್ಲವೋ ನೋಡಬೇಕಿತ್ತು. ತಿರುಗಿತ್ತು. ಅದರ ಪಕ್ಕ ಮಳೆಯಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತಿದ್ದೆ. ಅಕ್ಟೋಬರಿನಲ್ಲಿ ದರಕು ಗುಡಿಸಿದೆ. ಮರಗಳಿಗೆ ಗುರುತಿನ ಬಿಳಿ ಪಟ್ಟಿ ಬಳಿದೆ. ಎರಡು ಇಂಚು ಅಗಲ, ಆರು ಇಂಚು ಉದ್ದ, ನೆಟ್ಟಗೆ. ಥೇಟ್ ನಾಮ. ಬಣ್ಣದ ಡಬ್ಬಿ ಜಾರಿ ನನ್ನ ಬೆನ್ನಿಗೂ ಒಂದು ಪಟ್ಟಿ ಬಿತ್ತು. ಹಿಂದೆ ಬರುತ್ತಿದ್ದ ಇಬ್ಬರು ಹುಡುಗರು ಅದನ್ನೇ ನೆಚ್ಚಿ ನಾನು ಮೂತ್ರಕ್ಕೆ ಹೋದ ಪೊದೆಯವರೆಗೂ ಬಂದರು.

ವರ್ಷದ ಕೊನೆಗೆ ಕ್ಲಬ್ಬಿನವರು ಗಂಟೆಗಳ ಲೆಕ್ಕ ತೆಗೆದರು. ನನ್ನದು 64 ಗಂಟೆ. ಚಪ್ಪಾಳೆ ತಟ್ಟಿ ಒಂದು ಟೊಪ್ಪಿ ಕೊಟ್ಟರು. ಮನೆಗೆ ತಂದು ಹೆಂಡತಿಗೆ ತೋರಿಸಿದೆ. ಅವಳು ಟೊಪ್ಪಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಅಲ್ಲಾ ರೀ, ವರ್ಷವಿಡೀ ದುಡಿಸಿಕೊಂಡು ಮರಕ್ಕೆ ನಾಮ ಹಾಕಿಸಿದ್ರು, ಕೊನೆಗೆ ನಿಮಗೆ ಟೊಪ್ಪಿ ಹಾಕಿದ್ರು. ನಿಮಗೆ ಇದು ಈಗಲೂ ಅರ್ಥ ಆಗ್ಲಿಲ್ವಾ?"

ಜೂನ್ ಕೊನೆಗೆ ಊರಿಗೆ ಹೋದೆವು. ಮಳೆ ಹಿಡಿದಿತ್ತು. ಬಸ್ಸಿಳಿದು ಅಂಗಳಕ್ಕೆ ಬಂದಾಗ ಅಪ್ಪಯ್ಯ ಜಗುಲಿಯಲ್ಲಿ ಕೂತು ಕವಳ ಹಾಕುತ್ತಿದ್ದರು. ಪ್ರಯಾಣ ಹೇಗಾಯ್ತು, ಊಟ ಆಯ್ತಾ, ಎಲ್ಲ ಕೇಳಿದರು. ಅಮ್ಮ ಕಾಫಿ ತಂದಳು. ನಾನು ಹೆಮ್ಮೆಯಿಂದ ಟೊಪ್ಪಿ ತೆಗೆದು ಅವರ ಕೈಗೆ ಕೊಟ್ಟೆ, 64 ಗಂಟೆಯ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಎದ್ದು ಒಳಗೆ ಹೋದರು. ಬರುವಾಗ ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದು ಕೈಯಲ್ಲಿ ಹಾಳೆ ಟೊಪ್ಪಿ.

"ನಿಮ್ಮ ಕ್ಲಬ್ಬಲ್ಲಿ ಕೆಲಸ ಮುಗಿದ ಮೇಲೆ ಟೊಪ್ಪಿ" ಅಂದರು. "ನಮ್ಮಲ್ಲಿ ಮೊದಲೇ ಕೊಡ್ತೀವಿ."

ಅಟ್ಟದ ಏಣಿ ಕಡೆ ಒಮ್ಮೆ ನೋಡಿದೆ. ಅದನ್ನು ತೆಗೆದಿಟ್ಟಿದ್ದರು.