ನೇರ ಹಳಿ ಯಾರೂ ಮಾರುವುದಿಲ್ಲ

ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದ ಅಂತ ನಮ್ಮ ಕಡೆ ಆಡಿಕೊಂಡು ನಗುತ್ತಾರೆ. ಮನೆ ಹಿತ್ತಲಲ್ಲಿ ಓಡಿಸುವ ಪುಟ್ಟ ರೈಲಿನ ವಿಷಯಕ್ಕೆ ಬಂದರೆ ಅಂಕುಶವೇ, ಅಂದರೆ ಹಳಿಯೇ, ಆನೆಗಿಂತ ದುಬಾರಿ. ಎಂಜಿನ್, ಎರಡು ಬೋಗಿ, ಒಂದು ಸುತ್ತು ಹಳಿ, ಎಲ್ಲ ಒಂದೇ ಡಬ್ಬದಲ್ಲಿ ಬರುತ್ತದೆ. ಹನ್ನೆರಡು ತುಂಡು ಬಾಗಿದ ಹಳಿ ಜೋಡಿಸಿದರೆ ನಾಲ್ಕು ಅಡಿ ಚಿಲ್ಲರೆ ಅಗಲದ ಒಂದು ಚಕ್ರ. ಅದರ ಮೇಲೆ ರೈಲು ಸುತ್ತುತ್ತದೆ, ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ. ಎಲ್ಲಿಗೂ ಹೋಗುವುದಿಲ್ಲ. ಎಲ್ಲಿಗಾದರೂ ಹೋಗಲಿ ಅಂತ ಆಸೆ ಹುಟ್ಟಿತೋ, ಜೇಬಿಗೆ ಕತ್ತರಿ ಬಿತ್ತು ಅಂತಲೇ ಲೆಕ್ಕ.

ನಾವಿರುವುದು ಓಹಾಯೋದ ಕೊಲಂಬಸ್ಸಿನಲ್ಲಿ. ಇಲ್ಲಿ ಒಂದು ಅಡಿ ಹೊಸ ಹಿತ್ತಾಳೆ ಹಳಿಗೆ ಕೊಡುವ ದುಡ್ಡಲ್ಲಿ ಹೋಟೆಲಿಗೆ ಹೋಗಿ ಆರಾಮಾಗಿ ಒಂದು ಮಸಾಲೆ ದೋಸೆ ತಿನ್ನಬಹುದು. ಈ ಮಾತನ್ನು ನಾನು ಹೆಂಡತಿ ಮುಂದೆ ಸುಮ್ನೆ ಒಂದು ಸಲ ಅಂದಿದ್ದೆ. ಅವತ್ತಿನಿಂದ ಅವಳಿಗೆ ಡಾಲರ್ ಲೆಕ್ಕ ಮರೆತೇಹೋಯಿತು. "ಬೇಲಿಯಿಂದ ಟೊಮೇಟೊ ಪಾತಿ ತನಕ ಎಷ್ಟು ದೋಸೆ ಆಗುತ್ತೆ ರೀ?" ಅಂತಲೇ ಕೇಳುತ್ತಾಳೆ. ಹಿತ್ತಲು ಪೂರ್ತಿ ಒಂದು ಸುತ್ತು ಅಂದರೆ ನೂರು ದೋಸೆ ದಾಟುತ್ತದೆ. ಮದುವೆಮನೆ ತಿಂಡಿಯಷ್ಟು.

ಆದರೂ ಒಪ್ಪಬೇಕು, ಅವಳಿಂದ ಒಂದು ಅನಾಹುತ ತಪ್ಪಿತು. ಅಂಗಡಿಯವನು ಫೋನಲ್ಲಿ, "ಕರ್ವ್‌ ಟೆನ್ ಫುಟ್, ಕಳಿಸಲಾ?" ಅಂದ. ಪಕ್ಕದಲ್ಲಿ ಬೀನ್ಸ್ ಬಿಡಿಸುತ್ತಿದ್ದವಳು, "ರೇಡಿಯಸ್ಸೋ ಡಯಾಮೀಟರೋ ಕೇಳಿ" ಅಂದಳು. ಜರ್ಮನ್ನರು ರೇಡಿಯಸ್ ಹೇಳುತ್ತಾರೆ, ಅಮೆರಿಕದ ಕಂಪನಿಗಳು ಡಯಾಮೀಟರ್ ಬರೆಯುತ್ತವೆ. ಡಯಾಮೀಟರಾದರೆ ನಮ್ಮ ಬೇಲಿಯೊಳಗೆ ಹಿಡಿಸುತ್ತದೆ. ರೇಡಿಯಸ್ಸಾದರೆ ಪಕ್ಕದ ಮನೆಯವರ ಬಾರ್ಬೆಕ್ಯೂ ಒಲೆ ಸುತ್ತಿಕೊಂಡು ಬರಬೇಕು. ಅಂಗಡಿಯವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡಿ ಹೇಳ್ತೀನಿ" ಅಂದ. ಮತ್ತೆ ಫೋನ್ ಬರಲಿಲ್ಲ.

ಅಷ್ಟರಲ್ಲಿ ಅಪ್ಪ ಅಮ್ಮ ಆರು ತಿಂಗಳಿಗೆ ಅಂತ ಬಂದರು. ಅಪ್ಪ ರೈಲ್ವೆಯಲ್ಲಿ ಪಿ.ಡಬ್ಲ್ಯು.ಐ., ಅಂದರೆ ಹಳಿ ನೋಡಿಕೊಳ್ಳುವ ಇನ್‌ಸ್ಪೆಕ್ಟರ್ ಆಗಿದ್ದವರು. ಅರಸೀಕೆರೆ, ಹಾಸನ, ಮೈಸೂರು ಲೈನೆಲ್ಲ ಮೀಟರ್ ಗೇಜ್ ಇದ್ದ ಕಾಲದಲ್ಲಿ ಟ್ರಾಲಿ ಮೇಲೆ ಕೂತು ಹಳಿ ನೋಡುತ್ತಾ ಹೋಗುವುದೇ ಅವರ ಕೆಲಸ. ರಿಟೈರ್ ಆದಮೇಲೆ ನೋಡುವುದಕ್ಕೆ ಹಳಿ ಇರಲಿಲ್ಲ. ಇಲ್ಲಿ ಸಿಕ್ಕಿತು.

ಒಂದು ತುಂಡು ಕೈಗೆ ತೆಗೆದುಕೊಂಡು ಅಮ್ಮನ ಹೊಲಿಗೆ ಟೇಪಿನಲ್ಲಿ ಅಳೆದರು. ಎರಡು ಕಂಬಿಗಳ ನಡುವೆ 45 ಮಿಲಿಮೀಟರ್. ನಾನು ಉತ್ಸಾಹದಿಂದ ವಿವರಿಸಿದೆ. 1968ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಲೇಹ್ಮನ್ ಕಂಪನಿ ಎಲ್‌ಜಿಬಿ ಅಂತ ಇದನ್ನು ಶುರು ಮಾಡಿತು. ಮೀಟರ್ ಗೇಜ್ ರೈಲನ್ನೇ 22.5 ಪಟ್ಟು ಚಿಕ್ಕದು ಮಾಡಿರುವುದು, ಅಂದರೆ ಇದು ನಿಮ್ಮದೇ ಲೈನು, ಅಂದೆ. ಅಪ್ಪ ಪೇಪರಿನ ಅಂಚಿನಲ್ಲಿ ಗುಣಾಕಾರ ಹಾಕಿದರು.

"ಸಾವಿರದ ಹನ್ನೆರಡೂವರೆ ಬರುತ್ತೆ ಕಣೋ. ಮೀಟರ್ ಗೇಜ್ ಅಂದ್ರೆ ಸಾವಿರ. ಹನ್ನೆರಡೂವರೆ ಜಾಸ್ತಿ. ಯಾರು ಪಾಸ್ ಮಾಡಿದ್ದು ಇದನ್ನ?"

"ಜರ್ಮನಿಯವರು ಅಪ್ಪ."

"ಬರೆದು ಕೇಳು."

ಅಮೆರಿಕದ ಕಂಪನಿಗಳು ಇದೇ ಹಳಿ ಮೇಲೆ 29 ಪಟ್ಟು ಚಿಕ್ಕ ಮಾಡಿದ, ಮೀಟರ್ ಗೇಜಿಗಿಂತ ಅಗಲದ ಸ್ಟ್ಯಾಂಡರ್ಡ್ ಗೇಜ್ ಗಾಡಿಗಳನ್ನೂ ಓಡಿಸುತ್ತವೆ ಅಂತ ನಾನು ಬಾಯಿಬಿಡಲಿಲ್ಲ. ಅಪ್ಪನಿಗೆ ಬಿ.ಪಿ. ಇದೆ.

ಹಳಿಯಲ್ಲೇ ಕರೆಂಟ್ ಹರಿದು ಎಂಜಿನ್ ಓಡಬೇಕಾದ್ದರಿಂದ ಯಾವ ಲೋಹ ಅನ್ನುವುದು ದೊಡ್ಡ ತಲೆನೋವು. ಅಲ್ಯುಮಿನಿಯಂ ಅಗ್ಗ, ಆದರೆ ಮೇಲೆ ಕಟ್ಟುವ ಪೊರೆ ಕರೆಂಟನ್ನು ಬಿಡುವುದಿಲ್ಲ. ಬ್ಯಾಟರಿ ಎಂಜಿನ್ ಇದ್ದವರಿಗೆ ಸರಿ. ಸ್ಟೇನ್‌ಲೆಸ್ ಸ್ಟೀಲಿಗೆ ತಿಕ್ಕುವ ಕಾಟ ಕಮ್ಮಿ, ಆದರೆ ಬಗ್ಗಿಸುವಷ್ಟರಲ್ಲಿ ನಾವೇ ಬಗ್ಗಿರುತ್ತೇವೆ. ಹಾಗಾಗಿ ಜಾಸ್ತಿ ಜನ ಹಿತ್ತಾಳೆಗೇ ಬಂದು ನಿಲ್ಲುತ್ತಾರೆ. ಹಿತ್ತಾಳೆ ಮಳೆಗೆ ಕಪ್ಪಾಗುತ್ತದೆ. ಇದನ್ನು ಅಮ್ಮನ ಎದುರು ಹೇಳಬಾರದಿತ್ತು. ಮಾರನೇ ದಿನ ಬೆಳಗ್ಗೆ ನೋಡಿದರೆ ಅಮ್ಮ ಹಿತ್ತಲಲ್ಲಿ ಮಣೆ ಹಾಕಿಕೊಂಡು ಕೂತು, ನೆನೆಸಿದ ಹುಣಸೆಹಣ್ಣಿನಲ್ಲಿ ಹಳಿ ಉಜ್ಜುತ್ತಿದ್ದಾರೆ. ಪಕ್ಕದಲ್ಲಿ ಬಕೆಟ್ಟು, ಮಗ್ಗು. ಅಡ್ಡಪಟ್ಟಿಗಳ ಸಂದಿಗೆ ಬೇರೆ ಹಳೇ ಟೂತ್‌ಬ್ರಶ್ಶು. ಹಳಿ ಗೌರಿ ಹಬ್ಬದ ಕಳಶಕ್ಕೆ ಸಮ ಹೊಳೆಯುತ್ತಿತ್ತು. "ನೆತ್ತಿ ಮಾತ್ರ ಸಾಕು ಕಣೇ, ಚಕ್ರ ತಾಗೋದು ಅಲ್ಲಿ" ಅಂತ ಅಪ್ಪ ಕುರ್ಚಿಯಿಂದಲೇ ಸೂಪರ್‌ವೈಸ್ ಮಾಡುತ್ತಿದ್ದರು. "ಅರ್ಧ ತೊಳೆದು ಇಡೋ ಅಭ್ಯಾಸ ನಂಗಿಲ್ಲ" ಅಂದರು ಅಮ್ಮ. ಮನೆಯ ಹುಣಸೆಹಣ್ಣು ಅವತ್ತೇ ಮುಗಿಯಿತು. ಆ ವಾರವೆಲ್ಲ ನಿಂಬೆಹಣ್ಣಿನ ಸಾರು.

ದೋಸೆ ಲೆಕ್ಕ ತಗ್ಗಿಸಲು ಉಳಿದಿದ್ದ ದಾರಿ ಸೆಕೆಂಡ್ ಹ್ಯಾಂಡ್. ಇಂಡಿಯಾನಾ ಗಡಿ ಕಡೆ ಒಬ್ಬ ಅಜ್ಜ ಮನೆ ಖಾಲಿ ಮಾಡುತ್ತಾ ಹಳಿಗಳನ್ನೆಲ್ಲ ಒಟ್ಟಿಗೆ ಮಾರುತ್ತಿದ್ದಾರೆ ಅಂತ ಗೊತ್ತಾಯಿತು. ಕಾರಿನಲ್ಲಿ ಹೋಗುವಾಗಲೇ ಅಪ್ಪನಿಗೆ ಪಾಠ ಮಾಡಿದೆ. ವಸ್ತು ಚೆನ್ನಾಗಿದ್ದರೂ ಮುಖ ಹುಳ್ಳಗೆ ಮಾಡಿಕೊಂಡಿರಿ, ರೇಟ್ ಇಳಿಸಬೇಕು. ಅಪ್ಪ ಹೂಂ ಅಂದರು. ಫ್ರಿಜ್ಜಿನ ಮೇಲಿದ್ದ ಚಾಮುಂಡಿಬೆಟ್ಟದ ಮ್ಯಾಗ್ನೆಟ್ ಕಿತ್ತು ತಂದಿದ್ದರು. ಅದು ಹಳಿಗೆ ಅಂಟಿಕೊಂಡರೆ ಹಿತ್ತಾಳೆಯಲ್ಲ.

ಡಬ್ಬಗಳೆಲ್ಲ ಟೇಪ್ ಸುತ್ತಿ ಪ್ಯಾಕ್ ಆಗಿದ್ದವು. ತೆರೆದಿದ್ದು ಒಂದೇ. ಅಪ್ಪ ಮ್ಯಾಗ್ನೆಟ್ ಹಿಡಿದರು, ಅಂಟಲಿಲ್ಲ. ಕೈಯಲ್ಲಿ ತೂಗಿದರು. ಸ್ಕ್ರೂಡ್ರೈವರಿನಲ್ಲಿ ತಟ್ಟಿ ಕಿವಿ ಕೊಟ್ಟು ಕೇಳಿದರು. ಆಮೇಲೆ ಆ ಅಜ್ಜನ ಕೈ ಹಿಡಿದು ಕುಲುಕಿ, "ಫಸ್ಟ್ ಕ್ಲಾಸ್ ಮೆಟೀರಿಯಲ್! ಎಕ್ಸಲೆಂಟ್ ಮೇಂಟೆನೆನ್ಸ್!" ಅಂದುಬಿಟ್ಟರು. ಅಜ್ಜನ ಕಣ್ಣಲ್ಲಿ ನೀರು. ಇನ್ನೆಲ್ಲಿ ಚೌಕಾಸಿ? ಇಬ್ಬರೂ ಕುರ್ಚಿ ಎಳೆದುಕೊಂಡು ಕೂತರು. ಬಿಸಿಲಿಗೆ ಹಿತ್ತಾಳೆ ಉಕ್ಕಿಗಿಂತ ಜಾಸ್ತಿ ಉದ್ದವಾಗುತ್ತದೆ, 30 ಮೀಟರಿಗೆ 40 ಡಿಗ್ರಿ ಏರಿದರೆ ಎರಡು ಸೆಂಟಿಮೀಟರ್ ದಾಟುತ್ತದೆ, ಕೀಲಿನಲ್ಲಿ ಸಂದು ಬಿಡಲೇಬೇಕು ಅಂತ ಅಪ್ಪ. ಚಳಿಗಾಲಕ್ಕೆ ನೆಲ ಹೆಪ್ಪುಗಟ್ಟಿ ಹಳಿಯನ್ನೇ ಎತ್ತಿಬಿಡುತ್ತದೆ ಅಂತ ಅಜ್ಜ. ನಾನು ಅಜ್ಜ ಹೇಳಿದ ರೇಟನ್ನೇ ಕೊಟ್ಟು, ಡಬ್ಬಗಳನ್ನು ಒಬ್ಬನೇ ಹೊತ್ತು ಕಾರಿಗೆ ತುಂಬಿದೆ.

ಮನೆಗೆ ಬಂದು ಒಂದೊಂದೇ ತೆರೆದೆವು. ಮೊದಲನೇ ಡಬ್ಬದಲ್ಲಿ ಬಾಗಿದ ಹಳಿ. ಎರಡನೆಯದರಲ್ಲಿ ಬಾಗಿದ ಹಳಿ. ಎಲ್ಲವೂ 60 ಸೆಂಟಿಮೀಟರ್ ರೇಡಿಯಸ್ಸಿನವು, ಶುರುವಿನ ಡಬ್ಬದ ಜೊತೆ ಪುಕ್ಕಟೆ ಬರುವಂಥವು. ಇದರ ಗುಟ್ಟು ಆಮೇಲೆ ತಿಳಿಯಿತು. ಈ ಹುಚ್ಚು ಹತ್ತಿದ ಪ್ರತಿಯೊಬ್ಬನೂ ಈ ಚಕ್ರದಿಂದಲೇ ಶುರು ಮಾಡುತ್ತಾನೆ. ದೊಡ್ಡ ಎಂಜಿನ್ ತಂದಾಗ ಅದು ಈ ತಿರುವಿನಲ್ಲಿ ಹಳಿ ತಪ್ಪುತ್ತದೆ. ಅಗಲದ ತಿರುವು ಕೊಂಡು, ಹಳೆಯದನ್ನು ಇನ್ನೊಬ್ಬನಿಗೆ ದಾಟಿಸುತ್ತಾನೆ. ನೇರ ಹಳಿ ಮಾತ್ರ ಯಾವ ಎಂಜಿನ್ನಿಗೂ ಆಗುತ್ತದಲ್ವಾ? ಅದನ್ನು ಯಾಕೆ ಮಾರುತ್ತಾನೆ?

ಕೊನೇ ಡಬ್ಬದ ತಳದಲ್ಲಿ ನಾಲ್ಕು ನೇರ ತುಂಡು ಸಿಕ್ಕವು. "ನಾಲ್ಕು ದೋಸೆ" ಅಂದಳು ಹೆಂಡತಿ.

ಗ್ಯಾರೇಜಿನಲ್ಲಿ ಕಾರು ನಿಲ್ಲಿಸಲು ಜಾಗ ಇಲ್ಲದೆ ಕೊನೆಗೆ ನಾನೂ ಒಂದು ಜಾಹೀರಾತು ಹಾಕಿದೆ: ಹಿತ್ತಾಳೆ ಹಳಿ, ಬಾಗಿದ್ದು, ಹುಣಸೆಹಣ್ಣಿನಲ್ಲಿ ತೊಳೆದದ್ದು, ಒಟ್ಟಿಗೆ ಮಾರಾಟಕ್ಕಿದೆ. ಸಂಜೆಯೇ ಫೋನ್ ಬಂತು. ನಾನು ಹಲೋ ಅನ್ನುವುದಕ್ಕೂ ಬಿಡದೆ ಆ ಕಡೆಯವನು ಕೇಳಿದ, "ನೇರದ್ದು ಇದೆಯಾ?"